ಎಲ್ಲಿಗೆ ಎಂದು ಕೇಳದ ಮನೆ

ಝೋಯಾ, ರಯ್ಯಾನ್, ಕಳೆದ ಶುಕ್ರವಾರ ಈ ಅರಬ್ ಊರಿನ ಕಡಲದಂಡೆಯ ಕಾರ್ನಿಶ್‌ನಲ್ಲಿ ಆ ಮರದ ದೋಣಿ ಹತ್ತುವಾಗ ನೀವಿಬ್ಬರೂ ಮೂಗು ಮುಚ್ಚಿಕೊಂಡು "ಯಕ್, ಉಮ್ಮಾಮ, ಎಂಥ ಸ್ಮೆಲ್!" ಎಂದಿರಲ್ಲ, ಅದು ಮೀನೆಣ್ಣೆಯ ವಾಸನೆ. ಹಲಗೆಗಳಿಗೆ ಉಪ್ಪುನೀರು ಹಿಡಿಯದಿರಲಿ ಎಂದು ಹಚ್ಚುತ್ತಾರೆ. ಮೇಲೆಲ್ಲ ಕಾರ್ಪೆಟ್ಟು ಹಾಸಿ, ದಿಂಬು ಇಟ್ಟು, ಬಣ್ಣದ ದೀಪ ಕಟ್ಟಿದ್ದರೂ ಆ ಮುದಿ ದೋಣಿಯ ಹೊಟ್ಟೆಯೊಳಗಿಂದ ಆ ವಾಸನೆ ಎದ್ದು ಬಂದು ನನ್ನನ್ನು ಗುರುತು ಹಿಡಿಯಿತು. ನಾನು ಮೂಗು ಮುಚ್ಚಲಿಲ್ಲ, ಇನ್ನೊಮ್ಮೆ ಎಳೆದುಕೊಂಡೆ. ಕಣ್ಣಲ್ಲಿ ನೀರು ಬಂದದ್ದನ್ನು ನೋಡಿ ನಿಮ್ಮ ಅಬ್ಬ, ನನ್ನ ಮಗ, ನನಗೆ ವಾಂತಿ ಬರುತ್ತಿದೆ ಎಂದುಕೊಂಡು ಕೈಗೆ ಒಂದು ನಿಂಬೆಹಣ್ಣು ತುರುಕಿದ. ಅಷ್ಟಕ್ಕೇ ಬಿಡಲಿಲ್ಲ. ದೋಣಿಯ ಹಗ್ಗ ಬಿಚ್ಚುತ್ತಿರುವಾಗಲೇ ಆ ಕ್ಯಾಪ್ಟನ್ನನ ಹತ್ತಿರ ದೊಡ್ಡ ಗಂಟಲಿನಲ್ಲಿ "ಎಲ್ಲಿಗೆ ಹೋಗ್ತೀರಿ? ಲುಸೈಲ್ ತನಕ ಹೋಗ್ತೀರಾ? ಎಲ್ಲಿಂದ ತಿರುಗಿಸ್ತೀರಿ?" ಎಂದು ಹಿಂದಿಯಲ್ಲಿ ಒಂದು ಸಲ, ಮಲಯಾಳದಲ್ಲಿ ಇನ್ನೊಂದು ಸಲ ಕೇಳಿದ. ನಾನು ಅವನ ಅಂಗಿಯ ತೋಳು ಎಳೆದೆ. "ಎಂತ ಉಮ್ಮ, ಕೇಳದಿದ್ದರೆ ಗೊತ್ತಾಗುವುದು ಹೇಗೆ?" ಎಂದು ನನಗೇ ರೇಗಿದ. ನೀವೆಲ್ಲ ನಕ್ಕಿರಿ. ನಾಲ್ಕು ಜನರ ಮುಂದೆ ನನಗೆ ಮಾತು ಹೊರಡುವುದಿಲ್ಲ, ಅದು ನಿಮಗೆ ಗೊತ್ತೇ ಇದೆ. ಆ ಪ್ರಶ್ನೆಗೆ ಅಲ್ಲಿ ಹೇಳಲಾಗದ ಉತ್ತರವನ್ನು ಈಗ, ನೀವೆಲ್ಲ ಶಾಲೆಗೂ ಆಫೀಸಿಗೂ ಹೋಗಿ ಮುಐದರ್‌ನ ಈ ಮನೆಯಲ್ಲಿ ಏಸಿಯ ಸದ್ದೊಂದೇ ಉಳಿದಿರುವಾಗ, ಶಾಲೆಯಲ್ಲಿ ಕಲಿತ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ನಾನು ಹುಟ್ಟಿದ ಮನೆ ಗಂಗೊಳ್ಳಿಯ ಅಳಿವೆಗೆ ಎದುರಾಗಿ, ನದಿ ಸಮುದ್ರಕ್ಕೆ ಸೇರುವ ಮರಳಿನ ಮೇಲಿತ್ತು. ಗೋಡೆಗೆ ಸುಣ್ಣ, ಮಾಡಿಗೆ ಹೆಂಚು, ಜಗಲಿಯಲ್ಲಿ ಯಾವಾಗಲೂ ಹಗ್ಗದ ಸುರುಳಿಗಳು. ಆ ಸುರುಳಿಗಳ ನಡುವೆ ನನ್ನ ಉಪ್ಪಾಪ, ಅಂದರೆ ಅಜ್ಜ, ಎಲೆಯಡಿಕೆ ಜಗಿಯುತ್ತ ಕೂತಿರುತ್ತಿದ್ದರು. ಅವರದ್ದೊಂದು ಮಂಜಿ ಇತ್ತು. ಮಂಜಿ ಎಂದರೆ ಹಾಯಿ ಕಟ್ಟಿ ಓಡಿಸುವ ಸರಕಿನ ಹಡಗು. ಇಂಜಿನ್ನಿಲ್ಲ, ಗಾಳಿ ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ. ಅದಕ್ಕೆ ಹಚ್ಚುವ ಬೈಗೆ ಮೀನಿನ ಎಣ್ಣೆಯ ಡಬ್ಬಗಳನ್ನು ನಮ್ಮ ಅಡಿಗೆಮನೆಯ ಹಿಂದೆಯೇ ಇಡುತ್ತಿದ್ದರು. ನನ್ನ ಉಮ್ಮಾಮ, ಅಂದರೆ ಅಜ್ಜಿ, ಪ್ರತಿದಿನ ಅದಕ್ಕೆ ಬೈಯುತ್ತಿದ್ದಳು. ಅನ್ನಕ್ಕೂ ಅದೇ ವಾಸನೆ, ತಲೆದಿಂಬಿಗೂ ಅದೇ ವಾಸನೆ ಎಂದು ಗೊಣಗುತ್ತಿದ್ದಳು. ಉಪ್ಪಾಪ ಕೇಳಿಸದವರ ಹಾಗೆ ಇನ್ನೊಂದು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಮಂಜಿಯನ್ನು ನಡೆಸುವ ತಾಂಡೇಲ ದೂಮ ಖಾರ್ವಿ. ಉಪ್ಪಾಪನೂ ಅವನೂ ಒಂದೇ ಮರಳಲ್ಲಿ ಆಡಿ ಬೆಳೆದವರು. ಮುದುಕರಾದ ಮೇಲೂ ಚಿಕ್ಕ ಮಕ್ಕಳ ಹಾಗೆ ಸಿಟ್ಟು ಮಾಡಿಕೊಳ್ಳುತ್ತಿದ್ದರು.

ನಮ್ಮ ಮನೆಯಲ್ಲಿ ಒಂದು ಕಟ್ಟುನಿಟ್ಟು ಇತ್ತು. ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು. ಕೇಳಿದರೆ ಆ ಪ್ರಯಾಣ ಅಲ್ಲಿಗೇ ಮುರಿದಂತೆ. ಹೊರಟವನು ತಿರುಗಿ ಬಂದು, ಕೂತು, ನೀರು ಕುಡಿದು ಹೊಸದಾಗಿ ಹೊರಡಬೇಕು. ಹಾಗಾದರೆ ತಾಂಡೇಲನಿಗೆ ತಿಳಿಯುವುದು ಹೇಗೆ? ಮಂಜಿ ಹತ್ತುವ ಮೊದಲು ಯಜಮಾನ ಅವನ ಕಿವಿಗೆ ಬಾಯಿಟ್ಟು ಊರಿನ ಹೆಸರನ್ನು ಒಂದೇ ಒಂದು ಸಲ ಹೇಳುತ್ತಿದ್ದ. ಅಷ್ಟೇ. ಮಂಜಿ ಹತ್ತಿದ ಮೇಲೆ ಅದು ತಾಂಡೇಲನ ರಾಜ್ಯ, ದಾರಿಯ ವಿಷಯದಲ್ಲಿ ಯಜಮಾನ ಬಾಯಿ ಬಿಡುವಂತಿಲ್ಲ. ಈ ಕಟ್ಟಳೆ ಮಾಡಿದವರು ಯಾರೋ, ಅವರ ಮನೆಯಲ್ಲಿ ಉಪ್ಪಾಪ ಮತ್ತು ದೂಮನಂಥ ಇಬ್ಬರು ಇದ್ದಿರಲಾರರು.

ಆ ವರ್ಷ ಮಳೆಗಾಲ ಕಳೆದು ಸಮುದ್ರ ಶಾಂತವಾದ ಮೇಲೆ ಶಿರೂರಿನಿಂದ ಸುದ್ದಿ ಬಂತು. ಉಮ್ಮಾಮಳ ತಾಯಿ ಹಾಸಿಗೆ ಹಿಡಿದಿದ್ದಾಳೆ, ಗಂಜಿಯನ್ನು ಬಾಯಿಗೆ ಹಾಕಿದರೆ ಉಗುಳುತ್ತಾಳೆ, ಮಗಳ ಹೆಸರು ಹಿಡಿದು ಕರೆಯುತ್ತಾಳೆ. ರಸ್ತೆಯಲ್ಲಿ ಹೋಗುವುದೆಂದರೆ ಆಗ ಬಸ್ಸು ಇಳಿ, ಕಡವಿನ ದೋಣಿಯಲ್ಲಿ ಹೊಳೆ ದಾಟು, ಮತ್ತೆ ಬಸ್ಸು ಹತ್ತು. ಉಮ್ಮಾಮಳ ಮೊಣಕಾಲು ಅದಕ್ಕೆ ಒಪ್ಪುತ್ತಿರಲಿಲ್ಲ. ಮಂಜಿಯಲ್ಲೇ ಹೋಗುವುದೆಂದಾಯಿತು. ಆದರೆ ಉಪ್ಪಾಪನಿಗೆ ಮಂಜಿಯನ್ನು ಖಾಲಿ ಓಡಿಸಿ ಗೊತ್ತಿಲ್ಲ. ಭಟ್ಕಳಕ್ಕೆ ಹೋಗಬೇಕಾದ ಹೆಂಚು ದಡದಲ್ಲಿ ಕಾದಿತ್ತು, ಅದನ್ನೂ ತುಂಬಿಸಿದರು. ಭಟ್ಕಳ ಶಿರೂರಿನಿಂದ ಇನ್ನೂ ಆಚೆ. ಬೆಳಗಿನ ನೆಲಗಾಳಿಗೆ ಹೊರಡಬೇಕಾದವರು ಹೆಂಚು ತುಂಬಿಸುತ್ತ ಬಿಸಿಲು ಏರಿಸಿದರು. ಉಮ್ಮಾಮ ತಾಯಿಗೆ ಬೇಕೆಂದು ಹಳೆಯ ಕುಚ್ಚಲಕ್ಕಿಯ ಗಂಟು ಮಡಿಲಲ್ಲಿಟ್ಟುಕೊಂಡು, ಬಿಳಿ ಬಟ್ಟೆ ತಲೆಗೆಳೆದುಕೊಂಡು, ದಡದ ಕಲ್ಲಿನ ಮೇಲೆ ಕೂತು ಹಲ್ಲು ಕಚ್ಚುತ್ತಿದ್ದಳು. ಅವಳು ಹೊರಗಿನ ಗಂಡಸರ ಮುಂದೆ ಮಾತಾಡುವವಳಲ್ಲ. ಅದಕ್ಕೇ ನನ್ನನ್ನು ಜೊತೆಗೆ ಕರೆದುಕೊಂಡದ್ದು.

ಸಾಲದ್ದಕ್ಕೆ ಆ ದಿನಗಳಲ್ಲಿ ಉಪ್ಪಾಪನಿಗೂ ದೂಮನಿಗೂ ಮಾತಿರಲಿಲ್ಲ. ಹೊಸ ಹಾಯಿ ಬೇಕೆಂದು ದೂಮ ಕೇಳಿದ್ದ, ಉಪ್ಪಾಪ ಹಳೆಯದಕ್ಕೇ ತೇಪೆ ಹಾಕಿಸಿದ್ದರು. ಹಾಗಾಗಿ ಮೂರು ಮುದುಕರ ಮಾತಿಗೂ ನಾನೇ ಬಾಯಿ. ಮಾತೆಂದರೆ ಹೆದರಿ ಸಾಯುವ ನಾನು! ಹಿಂದುಗಡೆ ಚುಕ್ಕಾಣಿ ಹಿಡಿದ ದೂಮ ಕರೆಯುತ್ತಿದ್ದ, "ಹೆಣೆ, ನಿನ್ನ ಅಜ್ಜನ್ ಹತ್ರ ಹೇಳ್, ಈ ಹಾಯಿ ಗಾಳಿ ಹಿಡೂದಿಲ್ಲೆ, ಬೈಗೆ ಮೀನ್ ಹಿಡೂಕೆ ಅಡ್ಡಿಲ್ಲೆ." ನಾನು ಹೆಂಚಿನ ರಾಶಿ ದಾಟಿ ಹಾಯಿ ಕಟ್ಟುವ ಕೂವೆಮರದ ಬುಡಕ್ಕೆ ಹೋಗಿ ಅದನ್ನು ಒಪ್ಪಿಸಬೇಕು. ಉಪ್ಪಾಪ ಸಮುದ್ರದ ಕಡೆ ಮುಖ ಮಾಡಿ ಹೇಳುತ್ತಿದ್ದರು, "ಹಾಯಿ ಸರಿ ಉಂಟು, ಕಟ್ಟಿದವನ ಕೈ ಸರಿಯಿಲ್ಲ ಅಂತ ಹೇಳು." ಮತ್ತೆ ಹೆಂಚಿನ ರಾಶಿ ದಾಟು. ನಡುವೆ ಉಮ್ಮಾಮ ನನ್ನ ಲಂಗ ಹಿಡಿದೆಳೆದು, "ಇಬ್ಬರಿಗೂ ಹೇಳು, ನನ್ನ ತಾಯಿ ಇವರ ಹಾಯಿಗೆ ಕಾಯುವುದಿಲ್ಲ ಅಂತ" ಎನ್ನುತ್ತಿದ್ದಳು. ಸುಬ್ಬ ಮತ್ತು ನಾಗ ಎಂಬ ಇಬ್ಬರು ಕಲಾಸಿಗಳು, ಮಂಜಿಯ ಆಳುಗಳು, ಹಗ್ಗದ ಮೇಲೆ ಕೂತು ನಗು ತಡೆದುಕೊಳ್ಳುತ್ತಿದ್ದರು.

ಆದರೂ, ಮಕ್ಕಳೇ, ಆ ದಿನದ ಸಮುದ್ರ ಈಗಲೂ ನನ್ನ ಕಣ್ಣಲ್ಲಿದೆ. ಇಂಜಿನ್ನಿನ ಸದ್ದಿಲ್ಲದ ಹಡಗು ಹೇಗಿರುತ್ತದೆ ಎಂದು ನಿಮಗೆ ಹೇಳುವುದು ಕಷ್ಟ. ನೀರು ಹಲಗೆಯನ್ನು ನೆಕ್ಕುವ ಸದ್ದು, ಹಗ್ಗ ಬಿಗಿಯುವ ಸದ್ದು, ದೂಮ ಬೀಡಿ ಎಳೆಯುವ ಸದ್ದು ಕೂಡ ಕೇಳುತ್ತಿತ್ತು. ಬಲಗಡೆಗೆ ಮರವಂತೆಯ ತೆಂಗಿನ ಸಾಲು ನಿಧಾನವಾಗಿ ಹಿಂದೆ ಸರಿಯಿತು. ಅದರಾಚೆ, ತುಂಬ ದೂರದಲ್ಲಿ, ಕೊಡಚಾದ್ರಿ ನೀಲಿಯಾಗಿ ನಮ್ಮ ಜೊತೆಗೇ ಬರುತ್ತಿತ್ತು. ನಾಗ ಒಲೆ ಹೊತ್ತಿಸಿ ಗಂಜಿ ಮಾಡಿ ಸುಟ್ಟ ಒಣಮೀನು ಕೊಟ್ಟ. ಉಮ್ಮಾಮ ಮುಟ್ಟಲಿಲ್ಲ. ತಾಯಿ ತಿನ್ನದೆ ಮಲಗಿರುವಾಗ ನನಗೆ ಗಂಟಲಲ್ಲಿ ಇಳಿಯುವುದಿಲ್ಲ ಎಂದಳು. ನಡುಮಧ್ಯಾಹ್ನ ಗಾಳಿ ಸತ್ತುಹೋಯಿತು. ತೇಪೆಯ ಹಾಯಿ ಒಣಹಾಕಿದ ಸೀರೆಯಂತೆ ಜೋತುಬಿತ್ತು. ಅದು ಯಾರ ತಪ್ಪೆಂದು ತೀರ್ಮಾನಿಸಲು ನಾನು ಮತ್ತೆ ಹೆಂಚಿನ ರಾಶಿ ದಾಟಬೇಕಾಯಿತು. ಆಮೇಲೆ ಪಡುಗಾಳಿ ಎದ್ದಿತು. ಮಂಜಿ ಬೆನ್ನು ಬಾಗಿಸಿ ಓಡತೊಡಗಿತು. ಬೈಂದೂರಿನ ಒತ್ತಿನೆಣೆ ಗುಡ್ಡದ ಕೆಂಪು ಮೈ ಕಂಡಿತು, ಹಿಂದಾಯಿತು.

ಆಗ ಉಮ್ಮಾಮ ಎದ್ದು ಕೂತಳು. ತಲೆಯ ಬಟ್ಟೆ ಸರಿಪಡಿಸಿಕೊಂಡಳು. ಅಕ್ಕಿಯ ಗಂಟನ್ನು ಎದೆಗವಚಿದಳು. ಶಿರೂರಿನ ಅಳಿವೆಯ ಬಿಳಿ ಮಸೀದಿ ಕಂಡಿತು, ಅದರ ಪಕ್ಕದ ಬಾಗಿದ ತೆಂಗಿನ ಮರ ಕಂಡಿತು. "ಅಗೋ, ಆ ಮರದ ಹಿಂದೆಯೇ ನಮ್ಮ ಮನೆ" ಎಂದು ನನ್ನ ಗಲ್ಲ ಹಿಡಿದು ಆ ಕಡೆ ತಿರುಗಿಸಿದಳು. ನಾನು ನೋಡುತ್ತಲೇ ಇದ್ದೆ. ಮಸೀದಿ ನಮ್ಮ ಎದುರಿಗೆ ಬಂತು, ಆಮೇಲೆ ಪಕ್ಕಕ್ಕೆ ಬಂತು, ಆಮೇಲೆ ಸ್ವಲ್ಪ ಹಿಂದೆ ಹೋಯಿತು. ಮಂಜಿ ತಿರುಗಲಿಲ್ಲ. ದೂಮ ಬೀಡಿ ಎಳೆಯುತ್ತ ಉತ್ತರಕ್ಕೇ ನೋಡುತ್ತಿದ್ದ. ಉಪ್ಪಾಪ ಮಸೀದಿಯನ್ನೂ ದೂಮನನ್ನೂ ನೋಡಿ ಗಡ್ಡ ಎಳೆದುಕೊಂಡರು, ಬಾಯಿ ಬಿಡಲಿಲ್ಲ. ಇನ್ನಷ್ಟು ಹೊರಗೆ ಹೋಗಿ ಆಮೇಲೆ ತಿರುಗಿಸುತ್ತಾನೇನೋ, ಅವನ ಕೆಲಸ ಅವನಿಗೆ ಗೊತ್ತು ಎಂದು ಸುಮ್ಮನಿದ್ದರಂತೆ. ಮೊದಲು ಹೆಂಡತಿಯನ್ನು ಇಳಿಸುವುದು, ಆಮೇಲೆ ಹೆಂಚು ಎಂಬುದು ಹೇಳಬೇಕಾದ ಮಾತೇ ಅಲ್ಲ ಎಂದು ಅವರು ತಿಳಿದಿದ್ದರು. ಏರುಗಾಳಿಯಲ್ಲಿ ಮೊದಲು ಭಟ್ಕಳ ಮುಟ್ಟಿ ಹೆಂಚು ಇಳಿಸುವುದು, ಬರುವಾಗ ಆರಾಮಾಗಿ ಶಿರೂರು ಎಂಬುದು ಹೇಳಬೇಕಾದ ಮಾತೇ ಅಲ್ಲ ಎಂದು ದೂಮ ತಿಳಿದಿದ್ದ. ಆ ಬೆಳಿಗ್ಗೆ ದಡದಲ್ಲಿ ಯಾರೂ ಯಾರ ಕಿವಿಗೂ ಬಾಯಿಟ್ಟಿರಲಿಲ್ಲ. ಸಿಟ್ಟಿನಲ್ಲಿದ್ದರಲ್ಲ!

ಉಮ್ಮಾಮ ನನ್ನನ್ನು ಕಳಿಸುತ್ತಾಳೆಂದು ನಾನು ಎದ್ದೆ. ಅವಳು ನನ್ನನ್ನು ಪಕ್ಕಕ್ಕೆ ತಳ್ಳಿದಳು. ಕೂವೆಮರ ಹಿಡಿದು ನಿಂತಳು. ಗಾಳಿಗೆ ತಲೆಯ ಬಟ್ಟೆ ಜಾರಿತು, ಎಳೆದುಕೊಳ್ಳಲಿಲ್ಲ. "ದೂಮಾ! ಎಲ್ಲಿಗ್ ಹೊರ್ಟದ್ ನೀನ್? ಅದ್ ನನ್ನ ಅಬ್ಬೆ ಮನಿ! ಹಿಂದ್ ಹೋತಾ ಇತ್ತ್, ಕಣ್ ಕಾಣೂದಿಲ್ಯಾ?" ಅವಳಿಗೆ ಅಷ್ಟು ದೊಡ್ಡ ಗಂಟಲಿದೆ ಎಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಸುಬ್ಬನ ಕೈಯಿಂದ ಹಗ್ಗ ಜಾರಿತು. ದೂಮ ಬೀಡಿಯನ್ನು ಸಮುದ್ರಕ್ಕೆ ಬಿಟ್ಟು ಎರಡೂ ಕೈಯಿಂದ ತಲೆ ಹಿಡಿದುಕೊಂಡ. "ಅಯ್ಯೋ ಅಕ್ಕ, ಕೇಂಡ್ರಿಯಾ! ಕೇಂಡೇ ಬಿಟ್ರಿಯಲೆ!"

ಉಪ್ಪಾಪ ನನ್ನನ್ನು ಕರೆದರು. "ಅವನಿಗೆ ಹೇಳು..." ಎಂದು ಶುರು ಮಾಡಿದರು.

"ಅವಳು ಏನೂ ಹೇಳುವುದಿಲ್ಲ" ಎಂದಳು ಉಮ್ಮಾಮ. "ನಿಮಗೆ ಬಾಯಿ ಉಂಟಲ್ಲ, ಎಲೆಯಡಿಕೆ ಹಾಕಲಿಕ್ಕೆ ಮಾತ್ರವಾ ಅದು?"

ಇಷ್ಟಾದ ಮೇಲೂ ಮಂಜಿ ತಿರುಗಿತೆಂದುಕೊಂಡಿರಾ? ಇಲ್ಲ. ಪ್ರಯಾಣ ಮುರಿದಿದೆ, ಹಾಯಿ ಇಳಿಸಬೇಕು, ಎಲ್ಲರೂ ಕೂರಬೇಕು, ನೀರು ಕುಡಿಯಬೇಕು, ಮತ್ತೆ ಹೊರಡಬೇಕು ಎಂದು ದೂಮ ಹಠ ಹಿಡಿದ. ನನ್ನ ಉಪ್ಪಾಪ ಐದು ಹೊತ್ತು ನಮಾಜು ಮಾಡುವವರು, ಅವರೂ ಅವನು ಹೇಳಿದ್ದು ಸರಿ ಎಂಬಂತೆ ತಲೆಯಾಡಿಸಿದರು. ಎಷ್ಟೋ ದಿನಗಳ ಮೇಲೆ ಇಬ್ಬರೂ ಒಪ್ಪಿದ ಮೊದಲ ವಿಷಯ ಅದು! "ನೀರ್ ಕುಡಿ, ಕೂಕೊ, ಬೇಕಾರೆ ಮನಿಕೊ. ನಾನ್ ಈ ದೋಣೆಗೆ ಹೋತೆ" ಎಂದು ಉಮ್ಮಾಮ ಮಂಜಿಯ ಹಿಂದೆ ಕಟ್ಟಿದ್ದ ಸಣ್ಣ ದೋಣಿಯ ಕಡೆ ಹೊರಟೇಬಿಟ್ಟಳು. ನೆಲದಿಂದ ಏಳಲು ಇಬ್ಬರ ಕೈ ಬೇಕಾದವಳು! ನಾಗ ಓಡಿ ಬಂದು ಹಾಯಿ ಇಳಿಸಿದ. ಉಮ್ಮಾಮ ನೀರಿನ ತಂಬಿಗೆ ಕಿತ್ತುಕೊಂಡು, ನಿಂತೇ ಎರಡು ಗುಟುಕು ಕುಡಿದು, ಅರ್ಧ ಮೈಮೇಲೆ ಚೆಲ್ಲಿಕೊಂಡು, "ಆಯ್ತಾ?" ಎಂದಳು.

ಇನ್ನೂ ಆಗಿರಲಿಲ್ಲ. ದೂಮ ಯಜಮಾನನನ್ನೇ ನೋಡುತ್ತ ಕೂತಿದ್ದ. ಉಪ್ಪಾಪ ಎದ್ದರು. ಆ ಹೆಂಚಿನ ರಾಶಿಯನ್ನು ಅವರು ತಾವೇ ದಾಟಿದರು, ಹಗ್ಗ ಹಿಡಿದು, ಏದುಸಿರು ಬಿಡುತ್ತ. ಶಿರೂರು ಎಲ್ಲರ ಕಣ್ಣೆದುರಿಗೇ ಇತ್ತು, ಮಸೀದಿಯ ಬಾಗಿಲು ಕೂಡ ಕಾಣುತ್ತಿತ್ತು. ಆದರೂ ಅವರು ದೂಮನ ಪಕ್ಕ ಬಗ್ಗಿ, ಕೈಯನ್ನು ಅಡ್ಡ ಹಿಡಿದು, ಅವನ ಕಿವಿಗೆ ಬಾಯಿಟ್ಟು ಆ ಹೆಸರು ಹೇಳಿದರು. ದೂಮ ಇದೇ ಮೊದಲ ಸಲ ಕೇಳುತ್ತಿರುವವನಂತೆ ಗಂಭೀರವಾಗಿ ತಲೆಯಾಡಿಸಿದ. ಆಮೇಲೆ ಸ್ವಲ್ಪ ತಡೆದು, "ಹೊಸ ಹಾಯಿ?" ಎಂದ. "ಆಯ್ತು ಮಾರಾಯ, ತಿರುಗಿಸು" ಎಂದರು ಉಪ್ಪಾಪ.

ಸಣ್ಣ ದೋಣಿಯಲ್ಲಿ ಅಲೆ ದಾಟಿ ದಡ ಸೇರುವಾಗ ಉಮ್ಮಾಮ ಸೊಂಟದವರೆಗೆ ಒದ್ದೆ. ಅಕ್ಕಿಯ ಗಂಟನ್ನು ಮಾತ್ರ ತಲೆಯ ಮೇಲೆ ಹೊತ್ತಿದ್ದಳು. ಮನೆಯವರು ಬಾಗಿಲಲ್ಲೇ ನಿಂತಿದ್ದರು. ದೂರದಿಂದ ತೇಪೆಯ ಹಾಯಿ ಕಂಡಾಗಲೇ ಗುರುತು ಹಿಡಿದು, ಮಗಳು ಬಂದಳು ಎಂದು ಹಾಸಿಗೆಯಲ್ಲಿದ್ದವಳಿಗೆ ಹೇಳಿದ್ದರಂತೆ. ಆಮೇಲೆ ಹಾಯಿ ಮುಂದೆ ಹೋಯಿತೆಂದು ಹೇಳಲು ಯಾರಿಗೂ ಧೈರ್ಯ ಬಂದಿರಲಿಲ್ಲ. ಮುತ್ತಜ್ಜಿ ಒಣಗಿದ ಎಲೆಯಷ್ಟು ಹಗುರವಾಗಿ ಮಲಗಿದ್ದಳು. ಕಣ್ಣು ಬಿಡದೆ, ಒದ್ದೆ ಸೀರೆಯನ್ನು ಮುಟ್ಟಿ ನೋಡಿ, "ಬಂದೆ ಬಂದೆ ಅಂತ ಆಗಿನಿಂದ ಹೇಳ್ತಾರೆ. ಎಲ್ಲಿಗೆ ಹೋಗಿದ್ದೆ?" ಎಂದು ಗದರಿದಳು. ಉಮ್ಮಾಮ ಅಂದು ಮೊದಲ ಸಲ ನಕ್ಕಳು. ನಗುತ್ತ, ಮೂಗು ಒರೆಸಿಕೊಳ್ಳುತ್ತ ಒಲೆ ಹಚ್ಚಿ ಗಂಜಿ ಬೇಯಿಸಿದಳು. ಅವಳ ಕೈಯಿಂದ ಮುತ್ತಜ್ಜಿ ನಾಲ್ಕು ಚಮಚ ಗಂಜಿನೀರು ಕುಡಿದಳು, ಉಗುಳಲಿಲ್ಲ. ಉಪ್ಪು ಕಡಿಮೆ ಎಂದಳು. ಆ ವಾರ ಕಳೆಯುವುದರೊಳಗೆ ಹೋಗಿಬಿಟ್ಟಳು, ಮಗಳ ಮಡಿಲಲ್ಲೇ.

ಆ ಮನೆ ಈಗಿಲ್ಲ. ಹೊಸ ಹಾಯಿ ಬಂದ ಕೆಲವೇ ವರ್ಷಗಳಿಗೆ ಸರಕೆಲ್ಲ ಲಾರಿ ಹತ್ತಿತು. ಮಂಜಿಯನ್ನು ಮರಳಿಗೆ ಎಳೆದು ಬಿಟ್ಟರು. ಅದರ ಪಕ್ಕೆಲುಬುಗಳ ನಡುವೆ ಆಡುಗಳು ಮಲಗುವುದನ್ನು ಮದುವೆಯಾಗಿ ಹೋಗುವ ತನಕ ನೋಡುತ್ತಿದ್ದೆ. ಉಪ್ಪಾಪ ಹೋದರು, ದೂಮ ಹೋದ, ಉಮ್ಮಾಮ ಹೋದಳು. ಎಣ್ಣೆಯ ಡಬ್ಬಗಳಿದ್ದ ಜಾಗವನ್ನೂ ಸಮುದ್ರ ತಿಂದಿತು.

ನೀವು ದಿನಾ ಬೆಳಿಗ್ಗೆ "ಯಲ್ಲಾ, ಬೈ ಉಮ್ಮಾಮ" ಎಂದು ಹೊರಡುತ್ತೀರಿ. ಒಮ್ಮೆ ಝೋಯಾ ಅವಳ ಅಮ್ಮನ ಹತ್ತಿರ ಹೇಳುತ್ತಿದ್ದದ್ದು ಕೇಳಿಸಿತು: "ಉಮ್ಮಾಮ ಎಲ್ಲಿಗೆ ಹೋಗ್ತಿ ಅಂತ ಒಂದು ದಿನ ಸಹ ಆಸ್ಕ್ ಮಾಡುವುದಿಲ್ಲ, ಅವರಿಗೆ ಇಂಟ್ರೆಸ್ಟ್ ಇಲ್ಲ." ಇಂಟ್ರೆಸ್ಟ್ ಇಲ್ಲದ್ದಲ್ಲ, ಮಗಳೇ. ನಿಮ್ಮ ಅಜ್ಜ ಎದೆ ಹಿಡಿದುಕೊಂಡು ಆಸ್ಪತ್ರೆಗೆ ಹೊರಟ ಬೆಳಿಗ್ಗೆ ಇದೇ ಬಾಗಿಲಲ್ಲಿ ನಿಂತು ಚಪ್ಪಲಿ ಸರಿಯಾಗಿ ಇಟ್ಟುಕೊಟ್ಟೆ. ಆಗಲೂ ಕೇಳಲಿಲ್ಲ. ಕೇಳದೆ ಕಳಿಸಿದವರು ತಿರುಗಿ ಬರುತ್ತಾರೆ ಎಂದು ನಂಬಿಕೊಂಡ ಮನೆಯಿಂದ ಬಂದವಳು ನಾನು. ಎಲ್ಲರೂ ಬರುವುದಿಲ್ಲ. ಆದರೂ ಬಾಯಿ ಬರುವುದಿಲ್ಲ, ಏನು ಮಾಡಲಿ? ನೀವು ಮಾತ್ರ ನಿಮ್ಮ ದಡ ಕಣ್ಣೆದುರಿಗೇ ಹಿಂದೆ ಸರಿಯುತ್ತಿದ್ದರೆ ನನ್ನ ಹಾಗೆ ನಾಚಿಕೊಂಡು ಕೂರಬೇಡಿ. ನನ್ನ ಉಮ್ಮಾಮಳ ಹಾಗೆ ಎದ್ದು ನಿಂತು ಕೇಳಿ.

ಝೋಯಾ, ನೀನು ಅಕ್ಷರ ಕೂಡಿಸಿ ಓದುತ್ತೀಯಲ್ಲ, ರಯ್ಯಾನನಿಗೂ ಓದಿ ಹೇಳು. ಫೋನಿನಲ್ಲಿ ಫೋಟೊ ತೆಗೆದಿಟ್ಟು ಕಾಗದ ಬಿಸಾಡಬೇಡಿ. ಫೋನನ್ನು ನೀವು ವರ್ಷಕ್ಕೊಂದು ಬಿಸಾಡುತ್ತೀರಿ. ಈ ಹಾಳೆಗಳನ್ನು ಮಡಚಿ, ನೀರು ತಾಗದ ಕಡೆ ಜೋಪಾನವಾಗಿ ಇಟ್ಟುಕೊಳ್ಳಿ. ಎಲ್ಲಿಟ್ಟಿರಿ ಎಂದು ನಾನು ಕೇಳುವುದಿಲ್ಲ.