ಮಲಗಿದ್ದ ಮೊಳೆ

ನಾನು ನಿವೃತ್ತನಾಗಿ ಎರಡನೆಯ ವರ್ಷ ನಡೆಯುತ್ತಿತ್ತು. ಅದಕ್ಕೂ ಮೊದಲು ಮೂವತ್ತೊಂದು ವರ್ಷ ಬಾಂದ್ರಾದ ಒಂದು ಪಾಲಿಟೆಕ್ನಿಕ್‌ನಲ್ಲಿ ವರ್ಕ್‌ಶಾಪ್ ಇನ್‌ಸ್ಟ್ರಕ್ಟರ್ ಆಗಿದ್ದೆ. ಫಿಟ್ಟಿಂಗ್ ಮತ್ತು ಕಾರ್ಪೆಂಟ್ರಿ ನನ್ನ ವಿಭಾಗಗಳು. ಕೆಲಸ ಬಿಡುವಾಗ ಮೊಣಕಾಲು ಸವೆದಿತ್ತು, ಗ್ರೈಂಡರ್ ಸದ್ದಿಗೆ ಎಡಕಿವಿ ಅರ್ಧ ಹೋಗಿತ್ತು. ಇನ್ನು ಈ ಜನ್ಮದಲ್ಲಿ ಯಾರಿಗೂ ಏನೂ ಕಲಿಸುವುದಿಲ್ಲ, ಸಾಕಪ್ಪಾ ಸಾಕು ಎಂದು ಸಾಂತಾಕ್ರೂಜ್‌ನ ಮನೆಗೆ ಬಂದು ಹೆಂಡತಿ ಸುಶೀಲಳ ಮುಂದೆ ಘೋಷಿಸಿದ್ದೆ. "ನೋಡೂಣಂತ," ಎಂದು ಅವಳು ಪೇಪರ್ ತಿರುವಿದ್ದಳು.

ಜೂನ್ ತಿಂಗಳ ಮೊದಲ ವಾರ ನಮ್ಮದೇ ಬಿಲ್ಡಿಂಗಿನ ಮೂರನೆಯ ಮಹಡಿಯ ಶೈಲಜಾ ಮಗಳನ್ನು ಕರೆದುಕೊಂಡು ಬಂದಳು. ವಿಜಯಪುರದ ಕಡೆಯವಳು, ಬ್ಯಾಂಕ್‌ನಲ್ಲಿ ಕೆಲಸ. ಮಗಳು ಮೈತ್ರಿಗೆ ಆರೂವರೆ ವರ್ಷ. ಫೆಬ್ರವರಿಯಲ್ಲಿ ಜಾರುಬಂಡೆಯಿಂದ ಬಿದ್ದು ಬಲ ಮೊಣಕೈ ಮುರಿದಿತ್ತು. ಮೂಳೆ ಕೂಡಿತ್ತು. ಆದರೆ ಮುರಿದಾಗ ನರಕ್ಕೂ ಪೆಟ್ಟಾಗಿ ಹೆಬ್ಬೆರಳು, ತೋರುಬೆರಳು ಬಲ ಕಳೆದುಕೊಂಡಿದ್ದವು. ನರ ಮೆಲ್ಲಗೆ ಚೇತರಿಸುತ್ತಿದೆ ಎಂದು ಡಾಕ್ಟರು ಹೇಳಿದರೂ ಮಗು ಆ ಕೈಯನ್ನೇ ಬಿಟ್ಟುಬಿಟ್ಟಿತ್ತು.

"ಬಲಗೈ ಅನ್ನೋದು ತಂದೇ ಅಲ್ಲ ಅನ್ನೋಹಂಗ ಮಾಡ್ತಾಳ್ರೀ ಅಂಕಲ್," ಎಂದಳು ಶೈಲಜಾ. "ಊಟ, ಬರಿಯೂದು, ಎಲ್ಲಾ ಎಡಗೈ. ಎರಡು ತಿಂಗಳ ಬಿಟ್ಟು ನೋಡ್ತಾರಂತ. ಕೈ ಹಿಂಗ ಇದ್ರ ಆಪರೇಷನ್."

ಆಕ್ಯುಪೇಶನಲ್ ಥೆರಪಿಸ್ಟ್, ಅಂದರೆ ಪೆಟ್ಟಾದ ಕೈಗೆ ದಿನದ ಕೆಲಸಗಳನ್ನು ಮತ್ತೆ ರೂಢಿ ಮಾಡಿಸುವವರು, ಹಿಸುಕಲು ಮೇಣದಂಥ ಉಂಡೆ ಕೊಟ್ಟಿದ್ದರು. ಮೈತ್ರಿ ಅದನ್ನು ಸೋಫಾದ ಹಿಂದೆ ಎಸೆಯುತ್ತಿದ್ದಳಂತೆ. ಹಗುರ ಸುತ್ತಿಗೆ ಕೊಟ್ಟು ಏನಾದರೂ ಮಾಡಿಸಿದರೆ ಒಳ್ಳೆಯದು ಎಂದು ಆಮೇಲೆ ಅವರೇ ಸೂಚಿಸಿದರು. ಬಿಲ್ಡಿಂಗಿನಲ್ಲಿ ಸುತ್ತಿಗೆ ಇದ್ದವನು ನಾನೊಬ್ಬನೇ. ಆಗುವುದಿಲ್ಲ ಎನ್ನಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಸುಶೀಲಾ ಒಳಗಿನಿಂದ, "ಶನಿವಾರ ಕಳಸು ಅವ್ವಾ, ಇವರಿಗೇನು ಕೆಲಸ ಐತಿ!" ಎಂದು ಕೂಗಿಯಾಗಿತ್ತು.

ಬಿಲ್ಡಿಂಗಿನ ಸೊಸೈಟಿಯ ಸೆಕ್ರೆಟರಿ ಶನಿವಾರ ಹನ್ನೊಂದರಿಂದ ಒಂದು ಗಂಟೆವರೆಗೆ ಮಾತ್ರ ಬಡಿಯಲು ಅನುಮತಿ ಕೊಟ್ಟರು. ನಾನು ಗ್ಯಾಲರಿಯಲ್ಲಿ, ಅಂದರೆ ನಮ್ಮ ಬಾಲ್ಕನಿಯಲ್ಲಿ, ಹಳೆಯ ಮೇಜಿಗೆ ವೈಸ್ ಬಿಗಿದೆ. ಮರವನ್ನು ಕಚ್ಚಿ ಹಿಡಿಯುವ ಈ ಉಪಕರಣವಿದ್ದರೆ ಮಗುವಿನ ಇನ್ನೊಂದು ಕೈ ಅಪಾಯಕ್ಕೆ ಸಿಗುವುದಿಲ್ಲ. ನೂರು ಗ್ರಾಂ ಸುತ್ತಿಗೆ, ಒಂದಿಂಚಿನ ಮೊಳೆ, ಪ್ಯಾಕಿಂಗ್ ಪೆಟ್ಟಿಗೆಯ ಮೆದು ಪೈನ್ ಮರ ತಂದಿಟ್ಟೆ.

"ಏನು ಮಾಡೋಣ?" ಎಂದು ಕೇಳಿದೆ.

"ಲೋಕಲ್," ಎಂದಳು ಮೈತ್ರಿ. ಸ್ವಲ್ಪ ಯೋಚಿಸಿ ತನ್ನ ಅರ್ಧ ಹಿಂದಿಯಲ್ಲಿ ಸೇರಿಸಿದಳು: "ಸ್ಲೋ ವಾಲಾ."

ಎಲ್ಲ ಸ್ಟೇಷನ್ನಿನಲ್ಲೂ ನಿಲ್ಲುವ, ಮೂರು ಡಬ್ಬಿಯ ಲೋಕಲ್ ರೈಲು ಎಂದು ಒಪ್ಪಂದವಾಯಿತು. ಮೊದಲ ಶನಿವಾರ ಬರೀ ಸ್ಯಾಂಡ್‌ಪೇಪರ್ ಉಜ್ಜಿದ್ದು, ಅದೂ ಎಡಗೈಯಲ್ಲೇ. ಎರಡನೆಯ ಶನಿವಾರ ಎಡಗೈ ಸೋತಾಗ ಸುತ್ತಿಗೆ ಬಲಗೈಗೆ ಬಂತು. ನಾನು ನೋಡದವನಂತೆ ಮೊಳೆ ಆರಿಸಿದೆ. ಮೂರನೆಯ ಶನಿವಾರ ಒಂದು ಡಬ್ಬಿಯ ಚಾವಣಿಗೆ ತಾನೇ, ಬಲಗೈಯಲ್ಲೇ, ಒಂದು ಮೊಳೆ ಹೊಡೆದಳು. ನಲವತ್ತಕ್ಕೂ ಹೆಚ್ಚು ಏಟು ಬಿದ್ದವು, ಎಣಿಸಿದ್ದೂ ಅವಳೇ. ಮೊಳೆ ಅರ್ಧ ಇಳಿದು ಬಾಗಿತು. ಅವಳು ಬಿಡದೆ ಬಡಿದು ಅದನ್ನು ಮರದ ಮೇಲೆ ಪೂರ್ತಿ ಮಲಗಿಸಿಬಿಟ್ಟಳು. "ಸೋ ಗಯಾ," ಎಂದು ಅದರ ಮೇಲೆ ಬೆರಳಾಡಿಸಿ ಮನೆಗೆ ಹೋದಳು.

ಇಲ್ಲಿ ನನ್ನ ವೃತ್ತಿಯ ಒಂದು ಗುಟ್ಟು ಹೇಳಬೇಕು. ವಿದ್ಯಾರ್ಥಿ ಮಾಡುವ ವಸ್ತುವಿಗೆ ವರ್ಕ್‌ಶಾಪ್‌ನಲ್ಲಿ ಜಾಬ್ ಎನ್ನುತ್ತಾರೆ. ಪರೀಕ್ಷೆಗೆ ಹೊರಗಿನವರು ಬಂದು ಜಾಬ್ ಅಳೆದು ಅಂಕ ಕೊಡುತ್ತಾರೆ. ಅವರು ಬರುವ ಮೊದಲು, ಹುಡುಗರು ಮನೆಗೆ ಹೋದ ಮೇಲೆ, ಕೈ ಸಾಗದವರ ಜಾಬ್‌ಗಳನ್ನು ನಾವು ಇನ್‌ಸ್ಟ್ರಕ್ಟರ್‌ಗಳು ವೈಸ್‌ಗೆ ಕಟ್ಟಿ ಎರಡು ಸಲ ಅರ ಆಡಿಸಿ ಅಳತೆಗೆ ತರುತ್ತಿದ್ದೆವು. ನಾನು ಕಂಡವರೆಲ್ಲ ಮಾಡುತ್ತಿದ್ದರು. ಹುಡುಗರು ಪಾಸಾಗುತ್ತಿದ್ದರು, ನಮ್ಮ ಬ್ಯಾಚಿನ ಮಾನ ಉಳಿಯುತ್ತಿತ್ತು. ಅದನ್ನು ನಾನು ದಯೆ ಎಂದೇ ತಿಳಿದಿದ್ದೆ.

ಆ ಶನಿವಾರವೂ ಅದೇ ಚಾಳಿ. ಮಗು ಹೋದ ಮೇಲೆ ಆ ಬಾಗಿದ ಮೊಳೆ ಕಣ್ಣು ಚುಚ್ಚಿತು. ಕಿತ್ತೆ. ತೂತಿಗೆ ಮರದ ಹುಡಿ, ಅಂಟು ತುಂಬಿದೆ. ಪಕ್ಕದಲ್ಲಿ ಹೊಸ ಮೊಳೆಯನ್ನು ಎರಡೇ ಏಟಿಗೆ ಇಳಿಸಿದೆ. ಕೆಲಸ ಅಚ್ಚುಕಟ್ಟಾಯಿತು ಎಂದು ಚಹಾ ಕುಡಿದೆ.

ನಾಲ್ಕನೆಯ ಶನಿವಾರ ಮೈತ್ರಿ ಬಂದವಳೇ ಡಬ್ಬಿಯ ಚಾವಣಿಯನ್ನು ಸವರಿದಳು. ಮತ್ತೆ ಸವರಿದಳು.

"ಅಜ್ಜಾ, ಮಲಗಿದ್ ಮೊಳೆ ಎಲ್ಲಿ?"

"ಎದ್ದು ನಿಂತಿತಲ್ಲ, ನೋಡು," ಎಂದೆ ನಾನು. ಅರವತ್ತು ದಾಟಿದವನ ಬಾಯಲ್ಲಿ ಎಂಥ ಮಾತು!

ಅವಳು ನನ್ನ ಮುಖ ನೋಡಿದಳು. "ಆಪ್‌ನೇ ಕಿಯಾ. ಯೇ ಮೇರಾ ನಹೀ ಹೈ." ನಾನು ಮಾಡಿದ್ದು ತನ್ನದಲ್ಲವಂತೆ. ಬಲಗೈ ಫ್ರಾಕಿನ ಜೇಬಿಗೆ ಹೋಯಿತು. ಆ ದಿನ ಹೊರಗೆ ಬರಲಿಲ್ಲ. ಐದನೆಯ ಶನಿವಾರವೂ ಆ ಕೈ ಹೊರಗೆ ಬರಲಿಲ್ಲ. ಸ್ಟೂಲಿನ ಮೇಲೆ ಎರಡು ಗಂಟೆ ಕುಳಿತು ಕಾಲಾಡಿಸಿ ಹೋದಳು. ಮನೆಯಲ್ಲೂ ಮತ್ತೆ ಎಲ್ಲವೂ ಎಡಗೈಯಲ್ಲೇ ಎಂದು ಶೈಲಜಾ ಮೆಟ್ಟಿಲ ಮೇಲೆ ಸಿಕ್ಕಾಗ ಹೇಳಿದಳು. ಅವಳ ಕಣ್ಣು ತುಂಬಿತ್ತು. ಡಾಕ್ಟರರ ದಿನಕ್ಕೆ ಮೂರು ವಾರ ಉಳಿದಿತ್ತು. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಸುಸ್ತಾಯಿತು. ಈ ರಗಳೆ ನನಗೆ ಯಾಕೆ ಬೇಕಿತ್ತು ಎಂದು ನನ್ನನ್ನೇ ಬೈದುಕೊಂಡೆ.

ಸುಶೀಲಾಗೆ ನಡೆದದ್ದೆಲ್ಲ ಹೇಳಿದೆ. ಅವಳು ಸೊಪ್ಪು ಬಿಡಿಸುತ್ತಿದ್ದಳು. "ನಿಮ್ಮ ಕೈಗೆ ಸುಮ್ನ ಕುಂದ್ರಾಕ ಬರಂಗಿಲ್ಲ," ಎಂದಳು. "ಹೋಗಿ ಆ ಹುಡುಗೀ ಮುಂದ ತಪ್ಪಾತು ಅನ್ರಿ. ದೊಡ್ಡವರು ಹಂಗಂದ್ರ ಬಾಯಿ ಸವೀತದೇನು?"

ಆರನೆಯ ಶನಿವಾರ ಮೈತ್ರಿಯ ಎದುರಿಗೇ ನನ್ನ ಮೊಳೆಯನ್ನು ಇಕ್ಕಳದಿಂದ ಕಿತ್ತು ಮೇಜಿನ ಮೇಲಿಟ್ಟೆ. "ನಾನು ಸುಳ್ಳು ಹೇಳಿದೆ. ನಿನ್ನ ಮೊಳೆ ತೆಗೆದದ್ದು ನಾನೇ. ತಪ್ಪಾಯ್ತು," ಎಂದೆ.

ಅವಳು ಕಿತ್ತ ಮೊಳೆಯನ್ನು ಎಡಗೈಯಿಂದ ಉರುಳಿಸಿ ನೋಡಿದಳು. ಆಮೇಲೆ ಎಂದಳು: "ಅಬ್ ಆಪ್ ಕರೋ. ಎಡಗೈಲಿ."

ನಾನು ಪಕ್ಕಾ ಬಲಗೈಯವನು. ಎಡಗೈಯಲ್ಲಿ ಸುತ್ತಿಗೆ ಹಿಡಿದದ್ದೇ ಇಲ್ಲ. ಮೊದಲ ಮೊಳೆ ಹಾರಿ ಕುಂಡದಲ್ಲಿ ಬಿತ್ತು. ಎರಡನೆಯದು ಬಾಗಿತು. ಮೂರನೆಯದಕ್ಕೆ ಹೆಬ್ಬೆರಳನ್ನೇ ಬಡಿದುಕೊಂಡು, "ಅಯ್ಯಯ್ಯೋ ಸತ್ತೆ!" ಎಂದು ಕುಣಿದೆ. ನಟನೆಯಲ್ಲ, ಉಗುರು ಕಪ್ಪಾಯಿತು. ಮೈತ್ರಿ ಹೊಟ್ಟೆ ಹಿಡಿದು ನಕ್ಕಳು.

"ರುಕೋ ರುಕೋ, ನಾನ್ ಹಿಡೀತೀನಿ," ಎಂದು ಸ್ಟೂಲಿನಿಂದ ಇಳಿದಳು.

ಬೆರಳಿನಿಂದ ಹಿಡಿಯಲು ನಾನು ಬಿಡಲಿಲ್ಲ. ಇಕ್ಕಳ ಕೊಟ್ಟು ಅದರ ಮೂತಿಯಿಂದ ಮೊಳೆಯನ್ನು ಕಚ್ಚಿಸಲು ತೋರಿಸಿದೆ. ಹೊಸಬರಿಗೆ ವರ್ಕ್‌ಶಾಪ್‌ನಲ್ಲಿ ಕಲಿಸುವ ಮೊದಲ ಪಾಠವೇ ಅದು. ಅವಳು ಎಡಗೈಯಿಂದ ನನ್ನ ತೋಳು ಹಿಡಿದುಕೊಂಡಿದ್ದರಿಂದ ಇಕ್ಕಳ ಬಲಗೈಗೇ ಹೋಯಿತು. ಥೆರಪಿಸ್ಟ್ ತಿಂಗಳುಗಟ್ಟಲೆ ಹಿಸುಕು ಹಿಸುಕು ಎಂದು ಗೋಗರೆದಿದ್ದ ಆ ಬೆರಳುಗಳು ಇಕ್ಕಳವನ್ನು ಅಮುಕಿ ಹಿಡಿದವು. ನಡುಗುತ್ತಿದ್ದವು, ಆದರೂ ಬಿಡಲಿಲ್ಲ. "ಮಾರೋ ಅಜ್ಜಾ!" ಎಂದು ಅವಳು ಅಪ್ಪಣೆ ಕೊಟ್ಟಳು. ಆ ದಿನ ಇಬ್ಬರೂ ಸೇರಿ ಹೊಡೆದ ಮೊಳೆಗಳಲ್ಲಿ ಒಂದೂ ನೆಟ್ಟಗಿರಲಿಲ್ಲ.

ಏಳನೆಯ, ಎಂಟನೆಯ ಶನಿವಾರ ಚಕ್ರಗಳ ಕೆಲಸ. ಬಾಟಲಿಯ ಮುಚ್ಚಳಗಳನ್ನು ಸ್ಕ್ರೂ ಹಾಕಿ ಕೂರಿಸಬೇಕಿತ್ತು. ಮುಂದಿನ ಡಬ್ಬಿಯ ಬಲಚಕ್ರವನ್ನು ಅವಳು ಅರ್ಧ ಇಂಚು ಮೇಲಕ್ಕೆ ಕೂರಿಸಿದಳು. ನನ್ನ ಕೈ ತಾನಾಗಿಯೇ ಸ್ಕ್ರೂಡ್ರೈವರ್ ಕಡೆ ಹೋಯಿತು. ಎರಡೂ ಕೈಯನ್ನು ತೊಡೆಯ ಕೆಳಗೆ ಹಾಕಿಕೊಂಡು ಕುಳಿತೆ. ತಮಾಷೆಯ ಮಾತಲ್ಲ ಇದು. ಒಂದು ಗಂಟೆಗೆ ಸದ್ದು ನಿಲ್ಲುವ ಹೊತ್ತಿಗೆ ನನ್ನ ಭುಜ, ಕುತ್ತಿಗೆ ಸೆಟೆದುಹೋಗಿದ್ದವು. ಅವಳು ಹೋದ ಮೇಲೆ ಗ್ಯಾಲರಿಯ ಬಾಗಿಲಿಗೆ ಬೀಗ ಹಾಕಿ ಬೀಗದಕೈಯನ್ನು ಸುಶೀಲಾಗೆ ಕೊಟ್ಟೆ.

ಡಾಕ್ಟರರ ದಿನ ನಾನೂ ಬರಬೇಕೆಂದು ಮೈತ್ರಿ ಹಟ ಹಿಡಿದಳು. ಬಾಂದ್ರಾದ ಕ್ಲಿನಿಕ್‌ನಲ್ಲಿ ಒಂದೂವರೆ ಗಂಟೆ ಕಾದು ಒಳಗೆ ಹೋದೆವು. ಡಾಕ್ಟರು ಹೆಬ್ಬೆರಳು ಮಡಿಸು, ಪೆನ್ ಎತ್ತು ಎಂದರು. ಅವಳು ನಾಚಿ ಬಲಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಳು. ಶೈಲಜಾಳ ಮುಖ ಬಿಳುಪೇರಿತು. ಡಾಕ್ಟರು ಒತ್ತಾಯ ಮಾಡದೆ, ಅವಳು ಮೇಜಿನ ಮೇಲೆ ಇಟ್ಟಿದ್ದ ಲೋಕಲ್ ಕಡೆ ತಿರುಗಿದರು.

"ಯೇ ಕಿಸ್‌ನೇ ಬನಾಯಾ?"

"ಮೈನೇ."

"ಚಲ್ತೀ ಹೈ?" ಎಂದು ಕೇಳಿ, ಓಡುತ್ತದೆಯೇ ನೋಡಲು ಅವರೇ ಬೆರಳಿನಿಂದ ತಳ್ಳಿದರು. ಲೋಕಲ್ ಎರಡು ಗೇಣು ಹೋಗಿ, ಮೇಲೆ ಕೂತಿದ್ದ ಆ ಚಕ್ರದ ದೆಸೆಯಿಂದ ಬಲಕ್ಕೆ ವಾಲಿ, ಮೇಜಿನ ಅಂಚಿನಿಂದ ಕೆಳಗೆ ಧುಮುಕಿತು. ಬೆನ್ನ ಹಿಂದಿದ್ದ ಬಲಗೈ ಮುಂದೆ ಬಂತು. ಮುಂದಿನ ಡಬ್ಬಿಯನ್ನು ಹೆಬ್ಬೆರಳು ತೋರುಬೆರಳ ನಡುವೆ ಗಕ್ಕನೆ ಹಿಡಿಯಿತು. ಹಿಂದಿನ ಎರಡು ಡಬ್ಬಿ ನೇತಾಡುತ್ತಿದ್ದವು. ಅವಳು ಬಿಡಲಿಲ್ಲ.

ಡಾಕ್ಟರು ನಕ್ಕು, "ಬಸ್, ದೇಖ್ ಲಿಯಾ," ಎಂದರು. ನೋಡಬೇಕಾದದ್ದನ್ನು ಅವರು ನೋಡಿಯಾಗಿತ್ತು. ಆಮೇಲೆ ಮೈತ್ರಿ ನಾಚಿಕೆ ಬಿಟ್ಟು ಪೆನ್ನನ್ನೂ ಎತ್ತಿದಳು. ಸದ್ಯಕ್ಕೆ ಆಪರೇಷನ್ ಬೇಡ, ಮೂರು ತಿಂಗಳ ನಂತರ ಬನ್ನಿ ಎಂದು ಬರೆದುಕೊಟ್ಟರು. ಶೈಲಜಾ ಬಾಗಿಲ ಹೊರಗೆ ಬಂದು ಗೋಡೆಗೆ ಒರಗಿ ಅತ್ತಳು.

ಬೆರಳಿಗೆ ಪೂರ್ತಿ ಬಲ ಬರಲು ಇನ್ನೊಂದು ವರ್ಷ ಹಿಡಿಯಿತು. ಆ ಲೋಕಲ್ ಇಲ್ಲದಿದ್ದರೂ ಡಾಕ್ಟರು ಬೇರೆ ಹೇಗಾದರೂ ಪರೀಕ್ಷೆ ಮಾಡಿ ತಿಳಿದುಕೊಳ್ಳುತ್ತಿದ್ದರು, ಅದು ನನಗೂ ಗೊತ್ತು. ಆದರೆ ಆ ಕೈ ಮುಂದೆ ಚಾಚಿದ್ದು ತಾನು ಮಾಡಿದ ವಸ್ತು ಬೀಳುತ್ತಿದೆ ಎಂದು. ನಾನು ತಿದ್ದಿದ್ದರೆ ಅದು ನನ್ನ ವಸ್ತುವಾಗಿರುತ್ತಿತ್ತು.

ಕಲಿಸುವುದೆಂದರೆ ತಪ್ಪನ್ನು ತಿದ್ದುವುದು ಎಂದು ಮೂವತ್ತೊಂದು ವರ್ಷ ನಂಬಿದ್ದೆ. ಎದುರಿಗೆ ತಪ್ಪಾಗುತ್ತಿರುವುದನ್ನು ನೋಡುತ್ತ, ಕೈ ಕಟ್ಟಿ ಕೂತು, ಅದನ್ನು ಮಾಡಿದವರ ಪಾಲಿಗೇ ಬಿಡುವುದು ಕಲಿಸುವುದರ ಹೆಚ್ಚಿನ ಭಾಗ ಎಂದು ಆರೂವರೆ ವರ್ಷದ ಹುಡುಗಿಯಿಂದ ತಿಳಿಯಿತು. ಅಷ್ಟು ವರ್ಷ ಸರ್ವಿಸ್ ಮಾಡಿಯೂ ಆ ಎಂಟು ಶನಿವಾರಗಳಲ್ಲಿ ದಣಿದಷ್ಟು ನಾನು ಎಂದೂ ದಣಿದಿರಲಿಲ್ಲ.