ಎಡರೆಕ್ಕೆಯ ತೇಪೆ

ಹೊಳೆಯುವ ವಸ್ತುಗಳೆಂದರೆ ದೊಡ್ಡಗಾಜನೂರಿನ ಷಡಕ್ಷರಿಗೆ ಆಗುತ್ತಿರಲಿಲ್ಲ. ಹೊಸ ಸ್ಟೀಲ್ ಚೊಂಬು, ಮೊನ್ನೆಯಷ್ಟೇ ಬಣ್ಣ ಬಳಿಸಿಕೊಂಡ ಬಸ್ಸು, ಕ್ಯಾಲೆಂಡರಿನಲ್ಲಿ ಮೋಡ ಸೀಳಿಕೊಂಡು ಹಾರುವ ಯುದ್ಧವಿಮಾನ, ಯಾವುದನ್ನು ಕಂಡರೂ ಮುಖ ಸಿಂಡರಿಸುತ್ತಿದ್ದ. ಅದರಲ್ಲೂ ಆ ಕ್ಯಾಲೆಂಡರ್ ವಿಮಾನ! ತಾಳವಾಡಿಯ ಕ್ಷೌರದಂಗಡಿಯಲ್ಲಿ ಕನ್ನಡಿಯ ಪಕ್ಕ ಅದು ನೇತಾಡುತ್ತಿದೆಯೆಂದು ಅರ್ಧ ಗಡ್ಡ ಹೆರೆಸಿಕೊಂಡವನು ಹಾಗೇ ಎದ್ದು ಬಂದಿದ್ದ.

"ಥೂ, ಅದೇನ್ ಇಮಾನವಾ, ಮದ್ವೆ ಎಣ್ಣಾ?"

ಹಾಗನ್ನಲು ಅವನಿಗೆ ಹಕ್ಕಿತ್ತು. ವಾಯುಸೇನೆಯಲ್ಲಿ ಫಿಟ್ಟರ್ ಆಗಿದ್ದವನು. ಎಪ್ಪತ್ತೊಂದರ ಯುದ್ಧವನ್ನು ನ್ಯಾಟ್ ಎಂಬ ಪುಟ್ಟ ಫೈಟರ್ ವಿಮಾನಗಳ ಹೊಟ್ಟೆಯ ಕೆಳಗೆ ಅಂಗಾತ ಮಲಗಿ ಕಳೆದವನು. ಆಮೇಲೆ ಪಿಂಚಣಿ ತೆಗೆದುಕೊಂಡು ಊರಿಗೆ ಬಂದು, ರಾಗಿ, ಜೋಳ ಹಾಕಿಕೊಂಡು, ಅರ್ಧ ಬೆಳೆ ಕಾಡುಹಂದಿಗೆ ಬಿಟ್ಟುಕೊಟ್ಟು ಉಳಿದರ್ಧ ತಿಂದುಕೊಂಡಿದ್ದ. ಊರಿನವರು ಏರೋಪ್ಲೇನ್ ಷಡಕ್ಷರಿ ಎಂದು ಹೆಸರಿಟ್ಟರು. ವಿಮಾನ ಓಡಿಸಿದವನೆಂದು ಮೊದಮೊದಲು ಮಣೆ ಹಾಕಿ ಕೂರಿಸಿದರು. ಓಡಿಸಲಿಲ್ಲ, ರಿಪೇರಿ ಮಾಡುತ್ತಿದ್ದೆ ಎಂದು ಇವನು ನಿಜ ಹೇಳಿದ್ದೇ ತಪ್ಪಾಯಿತು. ಮಣೆ ಎತ್ತಿಟ್ಟರು. ರಿಪೇರಿಯವನು ಹೋಗಿ ಒರೆಸುವವನಾದ, ಒರೆಸುವವನು ಹೋಗಿ ವಿಮಾನ ಓಡಿಸುವವರಿಗೆ ಟೀ ಕೊಡುವವನಾದ. ಅವನ ಇಡೀ ಯುದ್ಧ ಒಂದು ಟೀ ಲೋಟಕ್ಕೆ ಬಂದು ನಿಂತಿತು.

ಕಾರ್ಗಿಲ್ ಯುದ್ಧ ಮುಗಿದು ಒಂದೆರಡು ವರ್ಷಕ್ಕೆ ಊರಿಗೆ ದೇಶಭಕ್ತಿಯ ಜ್ವರ ಬಂತು. ಬಸ್ಸಿನಲ್ಲಿ ಸ್ವಲ್ಪ ದೂರ ಹೋದರೆ ಒಂದು ಶಾಲೆ. ಅಲ್ಲಿನ ಪೋಷಕರ ಸಂಘಕ್ಕೆ ಮಾದಯ್ಯ ಎಂಬ ಜೋಳದ ವ್ಯಾಪಾರಿ ಮುಖಂಡ. ಗಣರಾಜ್ಯೋತ್ಸವಕ್ಕೆ ಅವನು ಷಡಕ್ಷರಿಯನ್ನು ಕರೆದುಕೊಂಡು ಹೋಗಿ ವೇದಿಕೆಯ ಮೇಲೆ ನಿಲ್ಲಿಸಿ, ಶತ್ರುಗಳ ನೆತ್ತಿಯ ಮೇಲೆ ಬಾಂಬಿನ ಮಳೆ ಸುರಿಸಿದ ವೀರ ಎಂದು ಮೈಕಿನಲ್ಲಿ ಕೂಗಿದ. ಷಡಕ್ಷರಿ ಮೈಕು ಕಿತ್ತುಕೊಂಡು, "ಸುಳ್ಳು, ನಾನು ಒಂದು ಕಲ್ಲನ್ನೂ ಸುರಿಸಿಲ್ಲ" ಎಂದ. ಮಾದಯ್ಯ ಹಲ್ಲು ಕಿರಿದು, "ದೊಡ್ಡೋರು ದೊಡ್ಡಸ್ತಿಕೆ ಏಳ್ಕೊಳಕಿಲ್ಲ ಕಣ್ರಪ್ಪಾ" ಎಂದು ಚಪ್ಪಾಳೆ ಹೊಡೆಸಿದ. ಆ ಚಪ್ಪಾಳೆಯ ನಡುವೆ ಕೆಳಗಿನಿಂದ ಇನ್ಯಾವನೋ, "ಟೀ ಕೊಡ್ತಿದ್ನಂತೆ ಕಣ್ಲಾ" ಎಂದದ್ದೂ ಕೇಳಿಸಿತು.

ಷಡಕ್ಷರಿಗೆ ಬಾಂಬು ಹಾಕಿದ ಸುಳ್ಳೂ ಬೇಡ, ಟೀ ಕೊಟ್ಟ ಸುಳ್ಳೂ ಬೇಡ. ಎರಡರ ನಡುವೆ ಅವನು ನಿಜವಾಗಿ ಮಾಡಿದ ಕೆಲಸ ಒಂದಿತ್ತು, ಅದಕ್ಕೆ ಮಾತ್ರ ಯಾರ ಬಾಯಲ್ಲೂ ಜಾಗವಿರಲಿಲ್ಲ.

ಆ ಕೆಲಸ ಇಷ್ಟೇ. ಯುದ್ಧದ ಒಂದು ಬೆಳಗ್ಗೆ ಅವನ ಪಾಲಿನ ವಿಮಾನ ಎಡರೆಕ್ಕೆಯ ಅಡಿಯಲ್ಲಿ ತೂತು ಮಾಡಿಕೊಂಡು ಇಳಿಯಿತು. ಮತ್ತೆ ಹಾರಲೇಬೇಕಿತ್ತು. ಷಡಕ್ಷರಿ ಅಂಗೈಯಗಲದ ತಗಡು ಕತ್ತರಿಸಿ, ರಿವೆಟ್ ಹೊಡೆದು ತೇಪೆ ಹಾಕಿದ. ಬಣ್ಣ ಬಳಿಯಲು ಹೊತ್ತಿರಲಿಲ್ಲ. ಹಾರಿಸುವವನು ಬಂದು, ಬಗ್ಗಿ, ಆ ಬೆತ್ತಲೆ ತಗಡಿನ ಮೇಲೆ ಒಂದು ಸಲ ಅಂಗೈ ಆಡಿಸಿದ. ತಡೆಯುತ್ತದಾ ಎಂದು ಕೇಳಲಿಲ್ಲ. ಹತ್ತಿ ಕೂತು ಹೊರಟುಹೋದ. ವಿಮಾನ ವಾಪಸ್ಸು ಬರುವವರೆಗೆ ಷಡಕ್ಷರಿ ನಿಂತ ಜಾಗ ಬಿಟ್ಟು ಕದಲಲಿಲ್ಲ. ಬಂತು. ತೇಪೆ ಇದ್ದಲ್ಲೇ ಇತ್ತು. ಇದನ್ನು ಯಾರಿಗಾದರೂ ಹೇಳೋಣವೆಂದರೆ, ಹೇಳಲು ಶುರು ಮಾಡುವ ಮೊದಲೇ ಮುಗಿದುಹೋಗುವಷ್ಟು ಸಣ್ಣ ಸಂಗತಿ.

ಮಾತಿನಲ್ಲಿ ಹೇಳಲಾಗದ್ದನ್ನು ಕೈಯಲ್ಲಿ ಹಿಡಿಸಿ ತೋರಿಸಬೇಕೆಂದು ಅವನು ನಿಶ್ಚಯಿಸಿದ. ಆ ವಿಮಾನದ್ದೇ ಒಂದು ಪುಟ್ಟ ಬೊಂಬೆಯನ್ನು ಇದ್ದ ಹಾಗೇ ಮಾಡುವುದು, ಮುಂದಿನ ವರ್ಷ ಅದೇ ವೇದಿಕೆಯ ಮೇಲೆ, ಅದೇ ಜನರ ಮುಂದೆ, ಅದನ್ನು ಮಗುಚಿ ಹಿಡಿದು, ಇದು ನಾನು ಮಾಡಿದ್ದು ಎನ್ನುವುದು. ಅಷ್ಟಾದರೆ ಸಾಕು, ಆಮೇಲೆ ಊರು ಏನಾದರೂ ಅಂದುಕೊಳ್ಳಲಿ.

ಹಾಲೆಮರದ ತುಂಡು ತಂದ. ನಿಜದ ವಿಮಾನದ ಒಂದಡಿಗೆ ಒಂದು ಬೆರಳಗಲ ಎಂಬ ಲೆಕ್ಕ ಹಿಡಿದ. ಮೊಳಕ್ಕಿಂತ ಸ್ವಲ್ಪ ಉದ್ದದ ಮೈ ಕೆತ್ತಿದ. ಬಾಲಕ್ಕೆ, ರೆಕ್ಕೆಗೆ ಪೌಡರ್ ಡಬ್ಬದ ತಗಡು. ಓಡಿಸುವವನು ಕೂರುವ ಜಾಗದ ಗಾಜಿಗೆ ನೀರಿನ ಬಾಟಲಿಯನ್ನು ಬಿಸಿ ಮಾಡಿ ಬಗ್ಗಿಸಿದ. ಚಕ್ರಕ್ಕೆ ಹಳೇ ಹವಾಯಿ ಚಪ್ಪಲಿ. ಮಳೆಗಾಲ ಕಳೆಯುವ ಹೊತ್ತಿಗೆ ವಿಮಾನ ಬೆಳ್ಳಿಯ ಬಣ್ಣ ಹೊಡೆಸಿಕೊಂಡು ಹಜಾರದ ಮೇಜಿನ ಮೇಲೆ ನಿಂತಿತು. ಹೆಂಡತಿ ಗುರುಲಿಂಗಮ್ಮ ಕೈ ಒರೆಸಿಕೊಂಡು ಬಂದು ನೋಡಿ, ಮದುವೆಯಾದ ಮೇಲೆ ಮೊದಲ ಸಲವೋ ಏನೋ, ಗಂಡನ ಕೆಲಸವನ್ನು ಹೊಗಳಿದಳು.

"ಬಲ್ ಚೆಂದಾಗದೆ ಕಣ್ರಿ. ದೇವ್ರ ಮನೆಲೆ ಇಡಬೌದು."

ಷಡಕ್ಷರಿ ಥೂ ಎಂದ. ಅವನ ದೃಷ್ಟಿಯಲ್ಲಿ ವಿಮಾನ ಇನ್ನೂ ಶುರುವೇ ಆಗಿರಲಿಲ್ಲ.

ಮಾರನೆಯ ದಿನದಿಂದ ಅವನು ಅದನ್ನು ಹಾಳು ಮಾಡಲು ಕೂತ. ಬೆಳ್ಳಿ ಬಣ್ಣದ ಮೇಲೆ ಅಲ್ಲಲ್ಲಿ ನೀರು ಸವರಿ ಕಲ್ಲುಪ್ಪಿನ ಪುಡಿ ಉದುರಿಸಿದ. ಅದರ ಮೇಲೆ ಹಸಿರು, ಕಂದು ಬಣ್ಣ ಬಳಿದ. ಯುದ್ಧ ಶುರುವಾದಾಗ ಮೇಲಿನಿಂದ ಕಾಣಬಾರದೆಂದು ಹಾಗೇ ಅವಸರದಲ್ಲಿ ಬಳಿದಿದ್ದರು. ಒಣಗಿದ ಮೇಲೆ ಉಜ್ಜಿದ. ಉಪ್ಪು ತನ್ನ ಜೊತೆ ಬಣ್ಣವನ್ನೂ ಕಿತ್ತುಕೊಂಡು ಬಂತು, ಬೂಟು ತುಳಿದು ತುಳಿದು ಸವೆದಂತೆ ಅಡಿಯ ಬೆಳ್ಳಿ ಇಣುಕಿತು. ಟ್ರ್ಯಾಕ್ಟರಿನ ಸುಟ್ಟ ಆಯಿಲಿಗೆ ಸೀಮೆಎಣ್ಣೆ ಬೆರೆಸಿ ಹೊಟ್ಟೆಯಡಿ ಸೋರಿಸಿದ. ಚಕ್ರಕ್ಕೆ ಅಂಗಳದ ಕೆಮ್ಮಣ್ಣು ಮೆತ್ತಿದ. ಗುರುಲಿಂಗಮ್ಮನ ರೊಟ್ಟಿ ಹೆಂಚನ್ನು ಬೋರಲು ಹಾಕಿ ಮಸಿ ಕೆರೆದುಕೊಂಡು, ಹರಳೆಣ್ಣೆಯಲ್ಲಿ ಕಲಸಿ, ಮೂಗಿನ ಎರಡು ಪಕ್ಕದಲ್ಲಿ ತುಪಾಕಿಯ ಬಾಯಿ ಇರುವಲ್ಲಿಂದ ಬೆರಳಲ್ಲಿ ಹಿಂದಕ್ಕೆ ಎಳೆದ. ಗುಂಡು ಹಾರಿದಾಗ ಮಸಿ ಗಾಳಿಯ ಜೊತೆ ಹಿಂದಕ್ಕೇ ಹೋಗುತ್ತದೆ, ಕೆಳಕ್ಕೆ ಇಳಿಯುವುದಿಲ್ಲ. ಒಂದು ಸಲ ಬೆರಳು ತಪ್ಪಿ ಮಸಿ ಕೆಳಕ್ಕಿಳಿಯಿತೆಂದು ಇಡೀ ಪಕ್ಕವನ್ನು ತೊಳೆದು ಮತ್ತೆ ಮೊದಲಿನಿಂದ ಮಾಡಿದ.

ಗುರುಲಿಂಗಮ್ಮನಿಗೆ ಇದನ್ನು ನೋಡಿ ಮೈಯೆಲ್ಲ ಉರಿಯಿತು. ಅವಳು ಗುಡಿಸಿದ ನೆಲವನ್ನೇ ಮತ್ತೆ ಗುಡಿಸುವ ಹೆಂಗಸು. ಉಟ್ಟ ಸೀರೆಗೆ ಒಂದು ತೊಟ್ಟು ಸಾರು ಬಿದ್ದರೆ ಊಟ ಬಿಟ್ಟು ಎದ್ದು ಹೋಗಿ ತೊಳೆದುಕೊಂಡು ಬರುವವಳು.

"ಅಸಯ್ಯ! ಲಕ್ಸಣವಾಗಿದ್ದ ಬೊಂಬೆಗೆ ಕೊಳೆ ಬಳ್ಕೊಂಡ್ ಕುಂತಿರಲ್ಲ, ನಿಮ್ಗೆ ಬುದ್ಧಿ ನೆಟ್ಗದಾ?"

"ದುಡಿದಿರೋ ಇಮಾನ ಇಂಗೇ ಇರದು ಕಣಮ್ಮಿ. ನಿನ್ ಎಂಚು ಬೆಳ್ಗದಾ?"

"ನನ್ ಎಂಚ ನಾನು ವೇದ್ಕೆ ಮ್ಯಾಲೆ ಇಡಕಿಲ್ಲ."

ಬೈದುಕೊಂಡರೂ ಅವಳು ಮೇಜಿನ ಸುತ್ತ ಗುಡಿಸುವಾಗ ಬಗ್ಗಿ ನೋಡುತ್ತಿದ್ದಳು. ಕಡೆಗೆ ಅವನು ಎಡರೆಕ್ಕೆಯ ಅಡಿಗೆ ಉಗುರಿನಷ್ಟು ತಗಡು ಅಂಟಿಸಿ, ಸುತ್ತ ಸೂಜಿಮೊನೆಯಿಂದ ರಿವೆಟ್ಟಿನ ಗುರುತು ಕುಟ್ಟಿದ ದಿನ, ಒಂದು ಪ್ರಶ್ನೆ ಕೇಳಿದಳು.

"ಎಲ್ಲಕ್ಕೂ ಕೊಳೆ ಬಳ್ದು ಇದೊಂದ ಯಾಕ ಅಂಗೇ ಬುಟ್ರಿ?"

"ಅದು ನಂದು" ಎಂದ ಷಡಕ್ಷರಿ.

ಅವನ ಮನೆಯಲ್ಲಿ ಅದೇ ದೊಡ್ಡ ಮಾತುಕತೆ.

ಗಣರಾಜ್ಯೋತ್ಸವದ ಹಿಂದಿನ ದಿನ ಬೆಳಗ್ಗೆ ವಿಮಾನವನ್ನು ವೇದಿಕೆಗೆ ಒಯ್ಯಲು ಮಾದಯ್ಯ ಜೀಪು ತಂದ. ವಿಮಾನ ನೋಡಿ ಅವನ ಮುಖ ಹುಳ್ಳಗಾಯಿತು. ಆದರೂ ಹಳೇ ಪಂಚೆಯಲ್ಲಿ ಸುತ್ತಿ ಎತ್ತಿಕೊಂಡ. ಕೆಳಗಿಡುವ ಹಲಗೆಯ ಮೇಲೆ ಹೆಸರು ಬರೆಯಲು ಮುರುಗನ್ ಬರುತ್ತಾನೆ ಎಂದ. ಮುರುಗನ್ ತಾಳವಾಡಿಯ ಪೇಂಟರ್. ಸುತ್ತಲ ದೇವಸ್ಥಾನಗಳ ಮರದ ನಂದಿ, ಕುದುರೆ, ನವಿಲು ವಾಹನಗಳಿಗೆ ವರ್ಷವರ್ಷವೂ ಹೊಸ ಬಣ್ಣ ಹೊಡೆದು, ಉಪವಾಸವಿದ್ದು ಕಣ್ಣು ಬರೆಯುವವನು ಅವನೇ. ಷಡಕ್ಷರಿ ಜೀಪಿನ ಹಿಂದೆ ಹೋಗಿ, "ಅಲ್ಗೆ ಬರೀಲಿ, ಇಮಾನ ಮುಟ್ಟದ್ ಬ್ಯಾಡ ಅಂತ ಏಳು" ಎಂದ. ಆಗಲೆಂದ ಮಾದಯ್ಯ ಹೇಳಲು ಮರೆತ.

ಮರುದಿನ ಗಂಡ ಹೆಂಡತಿ ಇಬ್ಬರೂ ಬಸ್ಸು ಹತ್ತಿ ಹೋದರು. ಗುರುಲಿಂಗಮ್ಮ ಬಿಳಿಯ ರೇಷ್ಮೆ ಸೀರೆ ಉಟ್ಟಿದ್ದಳು. ಅವಳು ಹೆಂಗಸರ ಸಾಲಿನಲ್ಲಿ ಕೂತಳು, ಇವನನ್ನು ವೇದಿಕೆಗೆ ಕರೆದರು. ಮೇಜಿನ ಮೇಲೆ ಏನನ್ನೋ ಪಂಚೆಯಲ್ಲಿ ಮುಚ್ಚಿಟ್ಟಿದ್ದರು. ತಾನು ಹೇಳಬೇಕಾದ ಮೂರು ಮಾತನ್ನು ಷಡಕ್ಷರಿ ಬಾಯೊಳಗೇ ತಿರುಗಿಸಿಕೊಂಡ. ಬಾವುಟ ಹಾರಿತು. ಮಾದಯ್ಯ ಪಂಚೆ ಎಳೆದ.

ಷಡಕ್ಷರಿಗೆ ಮೊದಲು ಅದು ತನ್ನ ವಿಮಾನವೆಂದೇ ತಿಳಿಯಲಿಲ್ಲ. ಪಾತ್ರೆ ಅಂಗಡಿಯಿಂದ ಈಗಷ್ಟೇ ಎತ್ತಿಕೊಂಡು ಬಂದಂತೆ ಅದು ಥಳಥಳ ಹೊಳೆಯುತ್ತಿತ್ತು. ಮೂತಿಯ ಎರಡು ಕಡೆ ರೆಪ್ಪೆ, ಹುಬ್ಬು ಸಮೇತ ಎರಡು ದೊಡ್ಡ ಕಣ್ಣುಗಳು ಸಭೆಯನ್ನು ಮಿಕಮಿಕ ನೋಡುತ್ತಿದ್ದವು. ರೆಕ್ಕೆಗಳ ಮೇಲೆ ಮೂರು ಮೂರು ಪಟ್ಟೆ ವಿಭೂತಿ, ಬಾಲಕ್ಕೆ ಚೆಂಡುಹೂವಿನ ಹಾರ, ಒಂದೊಂದು ಚಕ್ರದಡಿಗೂ ಒಂದೊಂದು ನಿಂಬೆಹಣ್ಣು. ಎಡಗಣ್ಣಿನ ಕೆಳಗೆ, ಕೆನ್ನೆಯ ಮೇಲೆ, ದೃಷ್ಟಿ ತಾಕದಿರಲೆಂದು ದುಂಡಗೆ ಒಂದು ಮಸಿಬೊಟ್ಟು. ಅವನ ಅಷ್ಟು ಮಸಿಯನ್ನೂ ಒರೆಸಿ ಹಾಕಿ, ತಮ್ಮದೊಂದು ಬೊಟ್ಟು ಇಟ್ಟಿದ್ದರು.

ಜನ ಚಪ್ಪಾಳೆ ಹೊಡೆದರು. ಷಡಕ್ಷರಿ ಕಣ್ಣೆತ್ತಿದರೆ ಪಕ್ಕದಲ್ಲಿ ಮುರುಗನ್ ಕೈ ಮುಗಿದು ನಿಂತಿದ್ದ. ಮೊಣಕೈವರೆಗೆ ಬೆಳ್ಳಿ ಬಣ್ಣ, ಕಣ್ಣಲ್ಲಿ ನೀರು.

"ಸಾರ್, ಅಷ್ಟ್ ಕೊಳೆ ಇಟ್ಕೊಂಡ್ ಸಭೆಗೆ ಬಂದ್ರೆ ನಿಮ್ಗೆ ಮರ್ವಾದಿನಾ ಸಾರ್? ವಾಹನ ಅಲ್ವಾ, ಕಣ್ಣಿಲ್ದೆ ಎಂಗೆ ಇಡದು? ನೆನ್ನೆಯಿಂದ ಊಟ ಬುಟ್ಟು ಬರ್ದೆ. ರೆಕ್ಕೆ ಕೆಳ್ಗೆ ಒಂದ್ ಕಡೆ ತಗ್ಡು ಎದ್ದಿತ್ತು, ಪುಟ್ಟಿ ಮೆತ್ತಿ ಸಮ ಮಾಡ್ಬುಟ್ಟೆ. ಈಗ ಗೊತ್ತೇ ಆಗಕಿಲ್ಲ."

ಕೆಟ್ಟ ಬುದ್ಧಿಯಿಂದ ಮಾಡಿದ್ದರೆ ಕೆನ್ನೆಗೆ ಬಿಗಿಯಬಹುದಿತ್ತು. ಹಸಿದ ಹೊಟ್ಟೆಯಲ್ಲಿ ಕೂತು, ಕಾಸು ಕೇಳದೆ, ಮರ್ಯಾದೆ ಉಳಿಸಲೆಂದು ಮಾಡಿದವನನ್ನು ಏನು ಮಾಡುವುದು? ಷಡಕ್ಷರಿಗೆ ಅವನ ಮೇಲೆ, ಮಾದಯ್ಯನ ಮೇಲೆ, ಚಪ್ಪಾಳೆಯ ಮೇಲೆ, ಇವರ ಮುಂದೆ ಏನನ್ನೋ ತೋರಿಸಲು ಹೊರಟ ತನ್ನ ಮೇಲೆಯೇ ಹೇಸಿಗೆಯಾಯಿತು. ಅತ್ತ ಮಾದಯ್ಯ ಮೈಕಿನಲ್ಲಿ ಆಗಲೇ ಬಾಂಬು ಸುರಿಸುತ್ತಿದ್ದ.

ಷಡಕ್ಷರಿ ವಿಮಾನವನ್ನು ಎತ್ತಿದ. ನಿಂಬೆಹಣ್ಣು ಉರುಳಿದವು. ಮಗುಚಿ ಹಿಡಿದ. ಎಡರೆಕ್ಕೆಯ ಅಡಿ ಕನ್ನಡಿಯ ಹಾಗೆ ನುಣ್ಣಗಿತ್ತು. ಇದ್ದ ಜಾಗ ಅವನ ಹೆಬ್ಬೆರಳಿಗೆ ಗೊತ್ತಿತ್ತು. ಉಗುರು ಊರಿ ಒತ್ತಿದ. ಪುಟ್ಟಿ ಇನ್ನೂ ಹಸಿಯಿತ್ತು, ಬಣ್ಣದ ಜೊತೆ ಸುಲಿದು ಬಂತು. ಅದರ ಜೊತೆ ತೇಪೆಯೂ ಕಿತ್ತು ಬಂದು ಹೆಬ್ಬೆರಳಿಗೆ ಅಂಟಿಕೊಂಡಿತು.

ಅವನು ಹೆಬ್ಬೆರಳನ್ನು ಎತ್ತಿ ಹಿಡಿದ. ಇದು ನಾನು ಮಾಡಿದ್ದು ಎನ್ನಲು ಬಾಯಿ ತೆರೆದ. ಅಷ್ಟು ಜನ ಕತ್ತು ಉದ್ದ ಮಾಡಿ ನೋಡಿದರು. ಅವರಿಗೆ ಕಂಡದ್ದು ಬಣ್ಣ ಮೆತ್ತಿದ ಒಂದು ಬೆರಳು. ಮಾದಯ್ಯ ಮೈಕಿಗೆ ಕೈ ಅಡ್ಡ ಹಿಡಿದು, ಕರವಸ್ತ್ರ ಚಾಚಿದ.

"ಬೆರಳ್ಗೇನೋ ಅಂಟ್ಕೊಂಡದೆ ಕಣಣ್ಣ. ಒರಸ್ಕೊ."

ಷಡಕ್ಷರಿ ತಗಡನ್ನು ಅಂಗೈಯೊಳಕ್ಕೆ ಹಾಕಿ ಮುಷ್ಟಿ ಬಿಗಿದ. ವಿಮಾನವನ್ನು ನೆಟ್ಟಗೆ ಕೆಳಗಿಟ್ಟ. ಆ ಮಸಿಬೊಟ್ಟು ಇನ್ನೂ ಹಸಿಯಾಗಿ ಎದುರಿಗೇ ಇತ್ತು. ಮುರುಗನ್‌ಗೆ ಗೊತ್ತಿಲ್ಲದೆಯೇ ಅದು ಸರಿಯಾಗಿ ತುಪಾಕಿಯ ಬಾಯಿ ಇರಬೇಕಾದಲ್ಲೇ ಕೂತಿತ್ತು. ಷಡಕ್ಷರಿ ಇನ್ನೊಂದು ಕೈಯ ತೋರುಬೆರಳನ್ನು ಅದರ ಮೇಲೆ ಒತ್ತಿ, ಒಂದೇ ಸಮ ಹಿಂದಕ್ಕೆ ಎಳೆದ. ಹೊಳೆಯುವ ಮೈಯ ಮೇಲೆ ಉದ್ದಕ್ಕೂ ಕರೀ ಗೀಟು ಮೂಡಿತು.

ಸಭೆ ಹಾ ಎಂದಿತು. "ಅಯ್ಯೋ ಸಾರ್!" ಎಂದು ಮುರುಗನ್ ಓಡಿಬಂದು, ಮಾದಯ್ಯನ ಕರವಸ್ತ್ರ ಕಸಿದುಕೊಂಡು ಒರೆಸಲು ಬಗ್ಗಿದ.

"ಒರಸ್ಬ್ಯಾಡ ಕಣಪ್ಪಾ ಅದ!"

ಹೆಂಗಸರ ಸಾಲಿನಿಂದ ಬಂದ ಕೂಗು. ಗುರುಲಿಂಗಮ್ಮ ಎದ್ದು ನಿಂತಿದ್ದಳು. ನಾಲ್ಕು ಜನರ ಮುಂದೆ ಜೋರಾಗಿ ಕೆಮ್ಮಿಯೂ ಗೊತ್ತಿಲ್ಲದ ಹೆಂಗಸು.

"ಅದು ಅಲ್ಲಿರದೇಯ! ಮುಟ್ಬ್ಯಾಡ, ಬುಡು!"

ಮುರುಗನ್ ಕರವಸ್ತ್ರ ಹಿಡಿದುಕೊಂಡು ಹಾಗೇ ನಿಂತ. ಷಡಕ್ಷರಿ ವೇದಿಕೆ ಇಳಿದು ಬಂದ. ವಿಮಾನವನ್ನು ಅಲ್ಲೇ ಬಿಟ್ಟ.

ವಾಪಸ್ಸು ಬರುವ ಬಸ್ಸಿನಲ್ಲಿ, ಪಕ್ಕದ ಊರು ಪಣಕಹಳ್ಳಿಯವರ್ಯಾರೋ ಹಿಂದಿನ ಸೀಟಿನಲ್ಲಿ ಆ ಕಣ್ಣುಗಳನ್ನು ಕೊಂಡಾಡುತ್ತಿದ್ದರು. ಗುರುಲಿಂಗಮ್ಮ ಗಂಡನ ಮುಷ್ಟಿಯ ಕಡೆ ನೋಡಿ, "ತೋರ್ಸಿ" ಎಂದಳು. ಅವನು ಬಿಚ್ಚಿದ. ಅಂಗೈಯಲ್ಲಿ ತಗಡು, ಅದರ ಸುತ್ತ ಹಸೀ ಬಣ್ಣ.

"ಯಾರು ಆಕಿದ್ದು ಇದ? ಯುದ್ಧದಲ್ಲಿ?"

"ನಾನೇ."

"ತಡೀತಾ?"

"ತಡೀತು."

ಅವಳು ತಗಡನ್ನು ಎತ್ತಿಕೊಂಡು, ಬಿಳಿಯ ಸೀರೆಯ ಸೆರಗಿನ ತುದಿಯಲ್ಲಿಟ್ಟು ಗಂಟು ಹಾಕಿದಳು. ಬಣ್ಣ ರೇಷ್ಮೆಗೆ ಇಳಿಯಿತು. ಅದನ್ನು ನೋಡಿಯೂ ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಕಿಟಕಿಯ ಕಡೆ ತಿರುಗಿ ಕೂತಳು.