ದನ ಹೊರಗೆ ಕಟ್ಟಿ ಎಂದವನು ನಾನು

1978ರಲ್ಲಿ ನಾನು ತಿಪಟೂರಿನಲ್ಲಿ ಮಲೇರಿಯಾ ನಿಯಂತ್ರಣದ ಕೆಲಸದಲ್ಲಿ ಕೀಟಶಾಸ್ತ್ರ ಸಹಾಯಕನಾಗಿದ್ದೆ. ಹುದ್ದೆಯ ಹೆಸರು ದೊಡ್ಡದು, ಕೆಲಸ ಮಾತ್ರ ಸೊಳ್ಳೆ ಹಿಡಿಯುವುದು. ಬೆಳಕು ಹರಿಯುವ ಹೊತ್ತಿಗೆ ಹಳ್ಳಿ ಸೇರಿ, ಕಂಡವರ ಮನೆಯೊಳಗೆ ಹೋಗಿ, ಕೈಯಲ್ಲಿ ಟಾರ್ಚು, ಬಾಯಲ್ಲಿ ರಬ್ಬರ್ ಕೊಳವೆಯ ತುದಿ ಹಿಡಿದು, ಗೋಡೆಗೆ ಕೂತ ಸೊಳ್ಳೆಗಳನ್ನು ಉಸಿರೆಳೆದು ಗಾಜಿನ ನಳಿಗೆಯೊಳಗೆ ಸೆಳೆದುಕೊಳ್ಳಬೇಕು. ಸೊಳ್ಳೆ ಬಾಯಿಗೆ ಬರದಂತೆ ನಡುವೆ ಒಂದು ಚೂರು ಬಲೆಬಟ್ಟೆ ಇರುತ್ತದೆ. ಇದನ್ನು ಎಷ್ಟು ಸಲ ತೋರಿಸಿದರೂ ಯಾರೂ ನಂಬುತ್ತಿರಲಿಲ್ಲ. ‘ಸೊಳ್ಳೆ ಕುಡಿಯೋ ಸಾಹೇಬ್ರು ಬಂದ್ರು ಕಣ್ಲಾ’ ಎಂದು ಬೀದಿಯ ಆ ತುದಿಯಿಂದ ಈ ತುದಿಗೆ ಸುದ್ದಿ ಹೋಗುತ್ತಿತ್ತು. ನನಗೂ ಅದರಲ್ಲಿ ಒಂದು ಬಗೆಯ ಹೆಮ್ಮೆ ಇತ್ತು.

ಚಳಿಜ್ವರ ಮತ್ತೆ ತಲೆ ಎತ್ತಿದ್ದ ಕಾಲ ಅದು. ನಮ್ಮ ಬಯಲುಸೀಮೆಯ ಹಳ್ಳಿಗಳಲ್ಲಿ ಸೊಳ್ಳೆ ಯಾರ ರಕ್ತ ಕುಡಿದು ಬದುಕುತ್ತದೆ ಎಂದು ಕಂಡುಹಿಡಿಯುವುದು ನನಗೆ ವಹಿಸಿದ ಕೆಲಸ. ಹೊಟ್ಟೆ ಕೆಂಪಗೆ ಉಬ್ಬಿದ ಸೊಳ್ಳೆಯನ್ನು ಫಿಲ್ಟರ್ ಪೇಪರಿನ ಮೇಲೆ ಅರೆದರೆ ಒಂದು ಕಲೆಯಾಗುತ್ತದೆ. ಅದನ್ನು ಒಣಗಿಸಿ ಪ್ರಯೋಗಾಲಯಕ್ಕೆ ಕಳಿಸಿದರೆ ಅಲ್ಲಿ ಪ್ರೆಸಿಪಿಟಿನ್ ಟೆಸ್ಟ್ ಎಂಬ ಪರೀಕ್ಷೆ ಮಾಡಿ, ಇದು ದನದ್ದು, ಇದು ಕುರಿಯದ್ದು, ಇದು ಕೋಳಿಯದ್ದು, ಇದು ಮನುಷ್ಯನದ್ದು ಎಂದು ತಿಳಿಸುತ್ತಿದ್ದರು. ಹುಳಿಯಾರಿನ ಕಡೆಯ ಹಟ್ಟಿಗಳಲ್ಲಿ ಕುರಿರೊಪ್ಪದ ಪಕ್ಕ ಹಿಡಿದವುಗಳಲ್ಲಿ ಕುರಿಯ ರಕ್ತ ಸಿಕ್ಕಿತು. ಕೋಳಿಗೂಡಿನ ಹತ್ತಿರದವು ಕೋಳಿಗೆ ಬಾಯಿ ಹಾಕಿದ್ದವು. ಆದರೆ ಮಲೇರಿಯಾ ಹರಡುವ ಜಾತಿಯ ಸೊಳ್ಳೆಗಳಲ್ಲಿ ಬಹುಪಾಲು ಕುಡಿದದ್ದು ದನದ ರಕ್ತವನ್ನು. ಮನುಷ್ಯನ ರಕ್ತ ಅಪರೂಪಕ್ಕೆ ಒಂದೊಂದರಲ್ಲಿ ಇತ್ತು.

ಈ ಸೊಳ್ಳೆಗಳು ನನಗೆ ಹೆಚ್ಚಾಗಿ ಸಿಕ್ಕಿದ್ದು ಶೆಟ್ಟಿಕೆರೆಯಲ್ಲಿ ಬಸ್ಸಿಳಿದು ತೋಟದ ದಾರಿಯಲ್ಲಿ ನಡೆದು ಹೋಗಬೇಕಾದ ಒಂದು ಸಣ್ಣ ಹಳ್ಳಿಯಲ್ಲಿ, ಸಣ್ಣೇಗೌಡರ ಮನೆಯಲ್ಲಿ. ಮನೆಯೊಳಗೇ ಒಂದು ಪಕ್ಕಕ್ಕೆ ಎರಡು ಎತ್ತು, ಎರಡು ಹಸು. ಅವುಗಳ ನೆತ್ತಿಯ ಮೇಲೇ ಅಟ್ಟ. ನಮ್ಮ ಕಡೆ ಉಂಡೆ ಕೊಬ್ಬರಿ ಮಾಡಲು ಬಲಿತ ಕಾಯಿಯನ್ನು ಒಡೆಯದೆ ಹಾಗೇ ಅಟ್ಟಕ್ಕೆ ಏರಿಸುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಡುವವರೆಗೆ ತಿಂಗಳುಗಟ್ಟಲೆ ಅದನ್ನು ಮುಟ್ಟುವುದಿಲ್ಲ. ಆ ಕಾಯಿರಾಶಿಯ ಸಂದಿನ ಕತ್ತಲೆ ಸೊಳ್ಳೆಗೆ ಹೇಳಿ ಮಾಡಿಸಿದ ಜಾಗ. ಕೆಳಗಿಳಿದು ದನದ ಮೇಲೆ ಕೂತು ಕುಡಿದು, ಮತ್ತೆ ಮೇಲಕ್ಕೆ ಹೋಗಿ ಮಲಗುತ್ತಿದ್ದವು.

ಅಟ್ಟಕ್ಕೆ ಡಿಡಿಟಿ ಹೊಡೆಸಿದರೆ ಕೆಲಸ ಮುಗಿಯುತ್ತಿತ್ತು. ಆದರೆ ಸಿಂಪಡಿಸುವವರು ಪಂಪು ಹೊತ್ತು ಬಂದ ದಿನ ಗೌಡರು ಏಣಿಗೆ ಅಡ್ಡ ನಿಂತರು.

‘ಕೆಳಗೆ ಎಲ್ಲಿ ಬೇಕಾದ್ರೂ ಹೊಡ್ಕಳಿ ಸಾರ್. ಅಟ್ಟದ ತಂಟೆಗೆ ಮಾತ್ರ ಬರಬ್ಯಾಡಿ. ಔಷಧಿ ವಾಸ್ನೆ ಹಿಡೀತು ಅಂದ್ರೆ ತಿಪಟೂರಲ್ಲಿ ನನ್ ಕೊಬ್ರೀನ ಮೂಸೂ ನೋಡಲ್ಲ ಕಣ್ರೀ.’

ಊರಿನ ಎಲ್ಲ ಮನೆಯಲ್ಲೂ ಇದೇ ಮಾತು. ಮನೆಮನೆಯಲ್ಲಿ ಜಗಳ ಕಾಯಲು ನನಗೆ ಮನಸ್ಸಿರಲಿಲ್ಲ. ಆಗ ಪ್ರಯೋಗಾಲಯದ ಫಲಿತಾಂಶ ನೆನಪಾಗಿ ನನ್ನ ಬುದ್ಧಿ ಚುರುಕಾಯಿತು.

‘ಅಟ್ಟ ಬೇಡ ಬಿಡಿ ಗೌಡ್ರೇ. ದನಾನ ತೋಟದಲ್ಲಿ ಕಟ್ಟಿ. ಊಟ ಇಲ್ಲದ ಮನೇಲಿ ಸೊಳ್ಳೆ ಯಾಕಿರ್ತವೆ?’

‘ಅಷ್ಟೇನಾ? ಓದಿದೋರು, ನೀವ್ ಹೇಳಿದ್ ಮೇಲೆ ಆಯ್ತು ಬುಡಿ’ ಎಂದರು ಗೌಡರು.

ಅಟ್ಟ ಉಳಿದ ಖುಷಿ ಅವರಿಗೆ, ಜಗಳ ತಪ್ಪಿದ ಖುಷಿ ನನಗೆ. ತೆಂಗಿನ ಸೋಗೆ ಹೊದಿಸಿದ ಕೊಟ್ಟಿಗೆ ಕೆಲವೇ ದಿನದಲ್ಲಿ ತೋಟದಲ್ಲಿ ಎದ್ದಿತು. ಗೌಡರ ಹೆಂಡತಿ ನಂಜಮ್ಮನಿಗೆ ಮಾತ್ರ ದನವಿಲ್ಲದ ಮನೆ ಬಿಕೋ ಎನ್ನುತ್ತಿತ್ತಂತೆ.

ಶ್ರಾವಣದಲ್ಲಿ ನಾನು ಮತ್ತೆ ಹೋದಾಗ ತುರುವೇಕೆರೆಯ ಕಡೆಗೆ ಮದುವೆ ಮಾಡಿಕೊಟ್ಟಿದ್ದ ಅವರ ಮಗಳು ಜಯಮ್ಮ ಮೊದಲ ಹೆರಿಗೆಗೆಂದು ತವರಿಗೆ ಬಂದಿದ್ದಳು. ದನ ಕಟ್ಟುತ್ತಿದ್ದ ಜಾಗವನ್ನು ತೊಳೆದು, ಸಾರಿಸಿ, ರಂಗೋಲಿ ಎಳೆದು, ಅಲ್ಲಿ ಅವಳ ಮಂಚ ಹಾಕಿದ್ದರು. ‘ಸಾರ್ ದಯದಿಂದ ನಿಂಗೊಂದು ಕೋಣೆ ಆಯ್ತು ಕಣೇ’ ಎಂದು ನಂಜಮ್ಮ ಮಗಳಿಗೆ ಹೇಳಿದರು. ಜಯಮ್ಮ ನಕ್ಕಳು. ನಾನೂ ನಕ್ಕೆ. ಮಂಚದ ಮೇಲೆ ಅದೇ ಅಟ್ಟ, ಅದೇ ಕಾಯಿರಾಶಿ ಇತ್ತು. ಅಲ್ಲಿ ನಿಂತು ಸೊಳ್ಳೆ ಹಿಡಿದೆ, ಕಾಗದದ ಮೇಲೆ ಅರೆದೆ, ಒಣಗಿಸಿ ಕಳಿಸಿದೆ, ಕಾಫಿ ಕುಡಿದು ಬಸ್ಸು ಹತ್ತಿದೆ. ನನ್ನ ಕಣ್ಣಿಗೆ ಏನೂ ಕಾಣಲಿಲ್ಲ.

ಗೌರಿ ಹಬ್ಬದ ಹೊತ್ತಿಗೆ ಜಯಮ್ಮನಿಗೆ ದಿನ ಬಿಟ್ಟು ದಿನ ಚಳಿಜ್ವರ ಬರತೊಡಗಿತು. ಬೆರಳು ಚುಚ್ಚಿ ತೆಗೆದ ರಕ್ತದ ಪರೀಕ್ಷೆಯಲ್ಲಿ ಮಲೇರಿಯಾ ಕಂಡಿತು. ಮಾತ್ರೆ ಕೊಟ್ಟರು, ಜ್ವರ ಇಳಿಯಿತು. ಆದರೆ ಹೊಟ್ಟೆಯಲ್ಲಿ ಮಗು ಅಲುಗಾಡುವುದು ನಿಂತಿದೆ ಎಂದು ಅವಳೇ ತಾಯಿಗೆ ಹೇಳಿದಳಂತೆ. ಎತ್ತಿನ ಗಾಡಿಯಲ್ಲಿ ಶೆಟ್ಟಿಕೆರೆಗೆ, ಅಲ್ಲಿಂದ ಬಸ್ಸಿನಲ್ಲಿ ಚಿಕ್ಕನಾಯಕನಹಳ್ಳಿಗೆ ಕರೆದುಕೊಂಡು ಹೋದರು. ಹುಟ್ಟಿದ್ದು ಸತ್ತ ಗಂಡುಮಗು.

ಸುದ್ದಿ ಕೇಳಿ ನೋಡಲು ಹೋದವನು, ಗಂಡನ ಊರಿನಿಂದಲೇ ಜ್ವರ ತಂದಿರಬೇಕು ಎಂದು ಗೌಡರಿಗೆ ಹೇಳಿ ಬಂದೆ. ಅವರು ತಲೆಯಾಡಿಸಿದರು. ಸ್ವಲ್ಪ ದಿನಕ್ಕೆ ಪ್ರಯೋಗಾಲಯದಿಂದ ಉತ್ತರ ಬಂತು. ಜಯಮ್ಮನ ಮಂಚದ ಸುತ್ತ ಹಿಡಿದ ಸೊಳ್ಳೆಗಳ ಹೊಟ್ಟೆಯಲ್ಲಿ ಈ ಸಲ ಹೆಚ್ಚುಪಾಲು ಇದ್ದದ್ದು ಮನುಷ್ಯನ ರಕ್ತ. ದನ ಹೊರಗೆ ಹೋದವು, ಸೊಳ್ಳೆಗಳು ಅಟ್ಟ ಬಿಟ್ಟು ಹೋಗಲಿಲ್ಲ. ಕೆಳಗೆ ಯಾರು ಮಲಗಿದ್ದರೋ ಅವರ ಮೇಲೆ ಇಳಿದವು.

ಮಾರನೆಯ ದಿನವೇ ಹೋದೆ. ಗೌಡರು ಜಗುಲಿಯ ಮೇಲಿದ್ದರು. ಸುತ್ತಿ ಬಳಸಲಿಲ್ಲ.

‘ಗೌಡ್ರೇ, ದನ ಹೊರಗೆ ಕಟ್ಟಿ ಅಂದದ್ದು ನನ್ನ ತಪ್ಪು. ಜ್ವರ ತುರುವೇಕೆರೆಯಿಂದ ಬರಲಿಲ್ಲ. ನಿಮ್ಮ ಅಟ್ಟದಿಂದಲೇ ಬಂತು. ದನ ಇದ್ದಿದ್ರೆ ಆ ಸೊಳ್ಳೆ ದನಾನ ಕಚ್ತಿದ್ವು.’

ಗೌಡರು ಜಗುಲಿಯಿಂದ ಎದ್ದರು. ಬಾಯಿಗೆ ಬಂದಂತೆ ಬೈಯಲಿ ಎಂದು ಕಾದೆ. ಅವರು ಟವೆಲ್ಲು ಹೆಗಲಿಗೆ ಹಾಕಿಕೊಂಡು ತೋಟಕ್ಕೆ ನಡೆದು ಹೋದರು. ಒಳಗಿನಿಂದ ನಂಜಮ್ಮ ಕಾಫಿ ತಂದಿಟ್ಟು, ‘ಆರೋಗ್ತದೆ, ಕುಡೀರಿ’ ಎಂದಷ್ಟೇ ಹೇಳಿದರು. ಲೋಟ ಕೆಳಗಿಡುವ ಹೊತ್ತಿಗೆ ಗೌಡರು ನಾಲ್ಕೂ ದನಗಳನ್ನು ಹೊಡೆದುಕೊಂಡು ಬಂದು, ನನ್ನ ಪಕ್ಕದಲ್ಲೇ ಹಾಯಿಸಿ, ಒಳಗೆ ಕಟ್ಟಿದರು.

ಅಟ್ಟದ ಕೊಬ್ಬರಿ ಇಳಿಸಿ ಮಾರಿದ ಮೇಲೆ ಅವರು ತಾವಾಗಿಯೇ ನಮ್ಮ ಕಚೇರಿಗೆ ಬಂದರು. ‘ಈಗ ಹೊಡೀರಿ ಸಾರ್. ಈ ವರ್ಷ ಅಟ್ಟಕ್ಕೆ ಕಾಯಿ ಹಾಕಲ್ಲ’ ಎಂದರು. ನಾನು ಪಂಪಿನವರ ಜೊತೆಗೇ ಹೋಗಿ ಒಂದೊಂದು ತೊಲೆಗೂ ಹೊಡೆಸಿದೆ. ಅಟ್ಟ ಖಾಲಿಯಾಗುವ ತಿಂಗಳಲ್ಲಿ ಊರೂರಿಗೆ ಬಂದು ಸಿಂಪಡಿಸಿದ್ದರೆ ಯಾರೂ ಏಣಿಗೆ ಅಡ್ಡ ನಿಲ್ಲುತ್ತಿರಲಿಲ್ಲ. ಇಷ್ಟು ಸಣ್ಣ ವಿಷಯವನ್ನು ಮೊದಲೇ ಕೂತು ಕೇಳಿ ತಿಳಿದುಕೊಳ್ಳದವನು ನಾನು. ಸೊಳ್ಳೆ ಇವತ್ತು ಎಲ್ಲಿ ಉಂಡಿತು ಎಂದು ಪ್ರಯೋಗಾಲಯವನ್ನು ಕೇಳಿದೆನೇ ಹೊರತು, ಆ ಊಟದ ಎಲೆ ಎತ್ತಿಬಿಟ್ಟರೆ ನಾಳೆ ಎಲ್ಲಿ ಉಣ್ಣುತ್ತದೆ ಎಂದು ನನ್ನನ್ನೇ ನಾನು ಕೇಳಿಕೊಳ್ಳಲಿಲ್ಲ.

ಮುಂದಿನ ವರ್ಷ ಜಯಮ್ಮ ಮತ್ತೆ ಬಸುರಿಯಾಗಿ ತವರಿಗೆ ಬಂದಳು. ನಾನು ಆ ಬೀದಿಯಲ್ಲಿ ಬಂದದ್ದನ್ನು ನೋಡಿ ನಂಜಮ್ಮ ಕರೆಸಿದರು.

‘ದನ ಒಳಗಿರ್ಲೋ, ಹೊರಗೆ ಕಟ್ಟಾಣೋ? ನೀವ್ ಹೇಳ್ದಂಗೆ ಮಾಡ್ತೀವಿ ಸಾರ್’ ಎಂದರು.

ಅಷ್ಟಾದ ಮೇಲೂ ನನ್ನನ್ನೇ ಕೇಳಿದರಲ್ಲ ಎಂದು ಸಂಕಟವಾಯಿತು. ಅಭ್ಯಾಸಬಲದಿಂದ ಏನೋ ಹೇಳಲು ಬಾಯಿ ತೆರೆದೆ. ಈ ಸಲ ನಡುಮನೆಯಲ್ಲಿ ಹಾಕಿದ್ದ ಮಂಚದ ಮೇಲಿದ್ದ ಜಯಮ್ಮ ತಡೆದಳು.

‘ಗೊತ್ತಿದ್ರೆ ಹೇಳಿ ಸಾರ್. ಇಲ್ದಿದ್ರೆ ಗೊತ್ತಿಲ್ಲ ಅನ್ನಿ.’

‘ಗೊತ್ತಿಲ್ಲ ಕಣಮ್ಮ’ ಎಂದೆ. ನನ್ನ ನೌಕರಿಯಲ್ಲಿ ಆ ಮಾತನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಔಷಧಿ ಹೊಡೆದ ಮನೆಯಲ್ಲಿ ದನ ಸೊಳ್ಳೆಯನ್ನು ಒಳಗೆ ಕರೆಯುತ್ತದೋ, ಮನುಷ್ಯರನ್ನು ಬಿಟ್ಟು ತನ್ನ ಕಡೆ ಸೆಳೆಯುತ್ತದೋ ನನಗೆ ನಿಜಕ್ಕೂ ತಿಳಿದಿರಲಿಲ್ಲ. ಅವಳು ತಾಯಿಯ ಕಡೆ ತಿರುಗಿ, ‘ದನ ಇಲ್ಲೇ ಇರ್ಲಿ ಬುಡವ್ವ’ ಎಂದಳು. ನಾನು ತಿಪಟೂರಿಗೆ ಹೋಗಿ ನನ್ನ ಮಂಚದ ಸೊಳ್ಳೆಪರದೆ ಬಿಚ್ಚಿ ತಂದು ಅವಳ ಮಂಚಕ್ಕೆ ಕಟ್ಟಿಕೊಟ್ಟೆ.

ಅವಳಿಗೆ ಹೆಣ್ಣುಮಗು ಹುಟ್ಟಿತು, ಬದುಕಿತು. ಅದು ಬದುಕಿದ್ದು ಪರದೆಯಿಂದಲೋ, ದನದಿಂದಲೋ, ಅಟ್ಟಕ್ಕೆ ಹೊಡೆದ ಔಷಧಿಯಿಂದಲೋ ಎಂದು ಕೇಳಿದರೆ ಗೊತ್ತಿಲ್ಲ ಎನ್ನುತ್ತೇನೆ. ಆಮೇಲಿನ ನೌಕರಿಯುದ್ದಕ್ಕೂ ಆ ಮಾತು ಹೇಳಲು ನಾನು ನಾಚಿಕೊಂಡಿಲ್ಲ. ಮೊದಲನೆಯದು ಯಾಕೆ ಹೋಯಿತು ಎಂದು ಕೇಳಿದರೆ ಮಾತ್ರ ಗೊತ್ತಿಲ್ಲ ಎನ್ನಲು ನನಗೆ ಬಾಯಿ ಬರುವುದಿಲ್ಲ.